ಬಿರಿಯಾನಿಯ ಕಥೆಗಳು, ಸಾರಿನ ಮನೆಗಳು

ಕನ್ನಡದ ಕಥೆಯೊಳಗೆ ಮುಸ್ಲಿಂ ಮನೆಯೊಂದು ಬಂತೆಂದರೆ ಎರಡು ಪುಟ ಕಳೆಯುವುದರೊಳಗೆ ಬಿರಿಯಾನಿಯ ಘಮವೂ ಬರುತ್ತದೆ. ಕಥೆಗಾರ ಹಿಂದೂ ಆಗಿರಲಿ, ಮುಸ್ಲಿಂ ಆಗಿರಲಿ, ಈ ವಾಡಿಕೆ ತಪ್ಪುವುದು ಅಪರೂಪ. ಸೌಹಾರ್ದದ ಕಥೆಯಾದರೆ ಹಬ್ಬದ ದಿನ ಗೆಳೆಯನೊಬ್ಬ ಬಂದು ಬಿರಿಯಾನಿ ಉಣ್ಣುತ್ತಾನೆ. ಒಡಕಿನ ಕಥೆಯಾದರೆ ಪ್ರತಿ ವರ್ಷ ಬರುತ್ತಿದ್ದ ಗೆಳೆಯ ಆ ವರ್ಷ ಬರುವುದಿಲ್ಲ. ಎರಡರಲ್ಲೂ ತಟ್ಟೆಯಲ್ಲಿರುವುದು ಒಂದೇ. ವರ್ಷದ ಉಳಿದ ದಿನಗಳಲ್ಲಿ ಆ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತು, ಯಾರು ಬೇಯಿಸಿದರು, ಯಾರು ಮೊದಲು ಉಂಡರು, ಪಕ್ಕದ ಮನೆಗೆ ಬಟ್ಟಲಲ್ಲಿ ಏನು ಹೋಯಿತು, ಆ ಬಟ್ಟಲು ಏನು ತುಂಬಿಕೊಂಡು ಮರಳಿತು? ಕಥೆ ಇದನ್ನು ಹೇಳುವುದಿಲ್ಲ. ಓದುಗರೂ ಕೇಳುವುದಿಲ್ಲ.

ಈ ಮೌನ ಸಣ್ಣದೆಂದು ನಮಗೆ ಅನ್ನಿಸುವುದಿಲ್ಲ. ಒಂದು ಸಮುದಾಯವನ್ನು ಅದರ ಹಬ್ಬದ ತಟ್ಟೆಯಿಂದ ಮಾತ್ರ ಗುರುತಿಸಿದರೆ ಅದು ಎಂದೆಂದಿಗೂ ಅತಿಥಿಯಾಗಿ, ಇಲ್ಲವೇ ಆತಿಥೇಯನಾಗಿ ಉಳಿದುಬಿಡುತ್ತದೆ. ನೆರೆಯವನಾಗುವುದಿಲ್ಲ. ನೆರೆಹೊರೆ ನಡೆಯುವುದು ವಾರದ ದಿನಗಳಲ್ಲಿ.

ಮಾತು ಗಾಳಿಯಲ್ಲಿ ಉಳಿಯದಿರಲೆಂದು ನಾವು ಹತ್ತಿರದಿಂದ ಬಲ್ಲ ಎರಡು ತಾಲ್ಲೂಕುಗಳನ್ನೇ ಹಿಡಿಯುತ್ತೇವೆ: ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ. ನಂಜನಗೂಡಿನ ಪಕ್ಕ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ನರಸೀಪುರದ ಕಡೆ ನಾಲೆಯ ನೀರು, ಭತ್ತದ ಗದ್ದೆ. ನಂಜನಗೂಡಿನ ಮೇಲುಸೀಮೆಯಲ್ಲಿ ರಾಗಿ, ಹುರುಳಿ, ಅವರೆ, ಅಲಸಂದೆ. ಇಲ್ಲಿನ ಮುಸ್ಲಿಮರ ಮನೆಮಾತು ದಖನಿ ಉರ್ದು. ಆದರೆ ಅವರ ಒಲೆ ಮಾತಾಡುವುದು ಈ ಮಣ್ಣಿನ ಭಾಷೆಯನ್ನೇ. ಬೇಳೆಗೆ ಹುಣಸೆಹುಳಿ ಹಿಂಡಿ ಮಾಡುವ ‘ಖಟ್ಟಾ’ಕ್ಕೂ ಪಕ್ಕದ ಗೌಡರ ಮನೆಯ ಸಾರಿಗೂ ಇರುವ ಅಂತರವನ್ನು ಹುಡುಕಿ ತೆಗೆಯಬೇಕು. ಒಗ್ಗರಣೆಗೆ ‘ಬಗಾರ್’ ಎಂದರೂ ಬಾಣಲೆಯಲ್ಲಿ ಸಿಡಿಯುವುದು ಅದೇ ಸಾಸಿವೆ, ಅದೇ ಕರಿಬೇವು. ಚಳಿಗಾಲದಲ್ಲಿ ಅವರೆಕಾಯಿ ಬಂತೆಂದರೆ ಇಡೀ ಬೀದಿಯ ಹೆಂಗಸರು ಕಾಳು ಹಿತುಕುತ್ತ ಕೂರುತ್ತಾರೆ. ಒಂದು ಮನೆಯಲ್ಲಿ ಅದು ಹಿತಕಿದಬೇಳೆ ಸಾರು, ಇನ್ನೊಂದು ಮನೆಯಲ್ಲಿ ಖೀಮಾದ ಜೊತೆ ಬೆಂದ ‘ಸೇಮ್’. ರಾಗಿಮುದ್ದೆಗಂತೂ ದಖನಿಯಲ್ಲಿ ಬೇರೆ ಹೆಸರನ್ನು ಯಾರೂ ಹುಡುಕಲು ಹೋಗಿಲ್ಲ. (ಮೈಸೂರು ಬೆಂಗಳೂರುಗಳಿಂದ ಬೀಗರು ಬಂದ ದಿನ ಮುದ್ದೆ ಕೋಲನ್ನು ಅಟ್ಟದ ಮೇಲೆ ಇಡುವ ಮನೆಗಳೂ ಇವೆ. ಅದು ಬೇರೆ ಕಥೆ. ಅದನ್ನೂ ಯಾರೂ ಬರೆದಿಲ್ಲ.)

ಕನ್ನಡದ ಮುಸ್ಲಿಂ ಕಥಾಲೋಕ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದರ ಬಹುಪಾಲು ಕರಾವಳಿಯದು. 1980ರ ದಶಕದ ಆರಂಭದಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ತೆರೆದ ಬಾಗಿಲು, ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿ, ಫಕೀರ್ ಮುಹಮ್ಮದ್ ಕಟ್ಪಾಡಿಯವರ ಕಥೆಗಳು, ಇವೆಲ್ಲ ತೆಂಗು, ಮೀನು, ಕುಚ್ಚಲಕ್ಕಿಯ ಸೀಮೆಗೆ ಸೇರಿದವು. ಅಲ್ಲಿನ ಬದುಕನ್ನು ಅವು ಎಷ್ಟು ಆಳವಾಗಿ ಬಗೆದವೆಂದರೆ ಓದುಗರು ಕರ್ನಾಟಕದ ಮುಸ್ಲಿಮರೆಲ್ಲ ಕಡಲ ಬದಿಯವರೇ ಎಂದುಕೊಂಡರೂ ಆಶ್ಚರ್ಯವಿಲ್ಲ. ಮುದ್ದೆ ಉಣ್ಣುವ ಮುಸ್ಲಿಮನಿಗೆ ಕನ್ನಡದಲ್ಲಿ ಕಥೆಗಳು ಕಡಿಮೆ.

ಬಯಲುಸೀಮೆಯ ದಖನಿ ಮನೆಗಳನ್ನು ಒಳಗಿನಿಂದ ಬರೆದವರೆಂದರೆ ಹಾಸನದ ಬಾನು ಮುಷ್ತಾಕ್. 2025ರ ಮೇ ತಿಂಗಳಲ್ಲಿ ದೀಪಾ ಭಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಅವರ ಬಗ್ಗೆ ಬಹಳ ಮಾತುಗಳು ಬಂದವು. ಹೆಚ್ಚಿನವು ಷರೀಅತ್, ತಲಾಕ್, ಪುರುಷಾಧಿಪತ್ಯ ಇವುಗಳ ಸುತ್ತ. ಅವರ ಕಥೆಗಳಲ್ಲಿ ಜನ ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ ಎಂದು ನೋಡಿದವರು ವಿರಳ. ಗೋಬಿ ಮಂಚೂರಿಯ ಹುಚ್ಚು ಹಿಡಿದ ಅರಬ್ಬೀ ಮೇಷ್ಟ್ರ ಕಥೆಯನ್ನೇ ನೋಡಿ. ಧರ್ಮಗ್ರಂಥ ಕಲಿಸುವ ಮನುಷ್ಯನ ಆಸೆ ಹಬ್ಬದ ಪಕ್ವಾನ್ನದ ಮೇಲಿಲ್ಲ, ತಳ್ಳುಗಾಡಿಯ ಕೆಂಪು ಹೂಕೋಸಿನ ಮೇಲಿದೆ. ಆ ಆಸೆಯ ಭಾರ ಕೊನೆಗೆ ಬೀಳುವುದು ಅದನ್ನು ಮಾಡಲು ಬಾರದ ಹೆಂಡತಿಯ ಮೇಲೆ. ನಗುತ್ತ ಓದಿದವರು ಅರ್ಧದಲ್ಲಿ ನಗು ನಿಲ್ಲಿಸಬೇಕಾಗುತ್ತದೆ. (2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಮೇಷ್ಟ್ರು ಏನನ್ನುತ್ತಿದ್ದರೋ!) ಇನ್ನೊಂದು ಕಥೆಯಲ್ಲಿ ಮನನೊಂದ ಮುದುಕಿಗೆ ಮನೆಯ ಮಕ್ಕಳು ಪೆಪ್ಸಿಯನ್ನೇ ಸ್ವರ್ಗದ ಪಾನವೆಂದು ಕೊಡುತ್ತಾರೆ. ಬಾನು ಅವರ ಶಕ್ತಿ ಇರುವುದು ಇಂಥಲ್ಲಿ. ಅವರ ಮುಸ್ಲಿಮರು ಬಜಾರಿಗೆ ಹೋಗುತ್ತಾರೆ, ಹೊಸ ರುಚಿಗೆ ಸೋಲುತ್ತಾರೆ. ಬಿರಿಯಾನಿಯ ಸೌಹಾರ್ದ ಕಥೆಗಳ ಸಾತ್ವಿಕ ಸಾಬರಿಗೆ ಈ ಸ್ವಾತಂತ್ರ್ಯವಿಲ್ಲ.

ಊಟವನ್ನೇ ಕಥೆಯ ಬೆನ್ನೆಲುಬಾಗಿ ಮಾಡಿಕೊಂಡ ಕೃತಿ ಬೇಕೆಂದರೆ ನಂಜನಗೂಡಿನಿಂದ ದೂರ ಹೋಗಬೇಕಿಲ್ಲ. ದೇವನೂರು ಇರುವುದು ಇದೇ ತಾಲ್ಲೂಕಿನಲ್ಲಿ. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಗೆ ಒಂದು ರಾತ್ರಿ ಕದ್ದು ತಂದ ಕಡಲೆಕಾಯಿ ಮೂಟೆ ಬರುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು ಬೆಳಗಾಗುವುದರೊಳಗೆ ತಿಂದು ಮುಗಿಸುತ್ತಾರೆ. ಪೊಲೀಸರು ಬಂದಾಗ ಸಾಕ್ಷಿಗೆ ಒಂದು ಸಿಪ್ಪೆಯೂ ಸಿಗುವುದಿಲ್ಲ. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಸಹಭೋಜನದ ಚಿತ್ರ ನಮಗೆ ಕಂಡಿಲ್ಲ. ಹಸಿವು ಇದೆ, ಕಳವು ಇದೆ, ಭಯ ಇದೆ. ಇವೆಲ್ಲದರ ನಡುವೆ ಕಾಯಿ ಒಡೆಯುತ್ತ ಕೂತವರ ಮಾತು, ಜಗಳ, ನಗು ಇವೆ. ಯಾರ ಬಾಯಲ್ಲೂ ಸಹಬಾಳ್ವೆಯ ಭಾಷಣ ಇಲ್ಲ. ದಲಿತ ಕೇರಿಯ ಒಂದು ರಾತ್ರಿಗೆ ಮಹಾದೇವ ಕೊಟ್ಟ ಗಮನವನ್ನು ಅದೇ ತಾಲ್ಲೂಕಿನ ಮುಸ್ಲಿಂ ಬೀದಿಯ ಒಂದು ರಾತ್ರಿಗೆ ಯಾರಾದರೂ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ನಂಜನಗೂಡಿನ ಬಗ್ಗೆ ಮಾತೆತ್ತಿದ ಕೂಡಲೇ ನಾವೆಲ್ಲ ಟಿಪ್ಪು ಮತ್ತು ‘ಹಕೀಂ ನಂಜುಂಡ’ನ ಐತಿಹ್ಯಕ್ಕೆ ಓಡಬೇಕಾಗುತ್ತಿರಲಿಲ್ಲ. ಸುಲ್ತಾನನು ಶ್ರೀಕಂಠೇಶ್ವರನಿಗೆ ಪಚ್ಚೆಲಿಂಗ ಕೊಟ್ಟನೆಂಬ ಕಥೆಗೆ ನಾವೂ ತಲೆದೂಗುತ್ತೇವೆ. ಆದರೆ ಅದು ಅರಮನೆಯ ಬಿರಿಯಾನಿ. ಬೀದಿಯ ಸಾರು ಯಾವುದು?

ನಮ್ಮ ನವ್ಯ ಸಾಹಿತ್ಯ ಈ ಪ್ರಶ್ನೆಯನ್ನು ಬೇರೆ ಕಡೆಗೆ ತಿರುಗಿಸಿತು. 1965ರಲ್ಲಿ ಬಂದ ‘ಸಂಸ್ಕಾರ’ ಇಡೀ ಅಗ್ರಹಾರ ಉಣ್ಣಲಾಗದೆ ಕಾಯುವ ಕಾದಂಬರಿ. ಹೆಣ ಎತ್ತುವವರೆಗೆ ಒಲೆ ಹಚ್ಚುವಂತಿಲ್ಲ. ಹಸಿವನ್ನು ಅನಂತಮೂರ್ತಿಯವರು ಅಷ್ಟು ಚೆನ್ನಾಗಿ ಬಲ್ಲರು. ಅದೇ ಕಾದಂಬರಿಯಲ್ಲಿ ಮುಸ್ಲಿಮರು ಬರುವುದು ನಾರಣಪ್ಪನ ಕೂಡ ಮಾಂಸ ತಿನ್ನುವವರಾಗಿ. ಅವರಿಗೆ ತಮ್ಮದೇ ಮನೆಯಿಲ್ಲ, ಒಲೆಯಿಲ್ಲ. ಬ್ರಾಹ್ಮಣನೊಬ್ಬನ ಬಂಡಾಯಕ್ಕೆ ಬೇಕಾದ ಎಂಜಲು ತಟ್ಟೆ ಮಾತ್ರ ಅವರು. ಕಾದಂಬರಿಯ ನೋಟ ಅಗ್ರಹಾರದ ಕಣ್ಣಿನಿಂದ ಹೊರಟದ್ದು, ಹೀಗಾಗಿ ಇದನ್ನು ದೋಷವೆಂದು ಎಣಿಸುವ ಅಗತ್ಯವಿಲ್ಲ. ಆದರೆ ಆ ನೋಟವೇ ಆಮೇಲೆ ಅನೇಕರಿಗೆ ಮಾದರಿಯಾಯಿತು. ಮುಸ್ಲಿಮನ ತಟ್ಟೆ ಎಂದರೆ ಮೀರುವುದಕ್ಕೆ ಇರುವ ಗೆರೆ ಎಂದಾಯಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಗೊತ್ತು, ಅಲ್ಲಿ ಕಡುಬು ಕಡುಬಾಗಿಯೇ ಇದೆ, ಬಾಡು ಬಾಡಾಗಿಯೇ ಇದೆ. ಯಾವುದೂ ಸಂಕೇತವಾಗಲು ಅವಸರ ಪಡುವುದಿಲ್ಲ.

ಇನ್ನೊಂದು ಮೌನ ಮುಸ್ಲಿಂ ಕಥೆಗಾರರದೇ. ದಖನಿ ಮನೆಗಳಲ್ಲಿ ಮಾಂಸಕ್ಕೆ ಎರಡು ಹೆಸರು: ‘ಛೋಟೇ ಕಾ’, ‘ಬಡೇ ಕಾ’. ಕುರಿಯದು ಮೊದಲನೆಯದು, ದನ ಎಮ್ಮೆಯದು ಎರಡನೆಯದು. ಕೂಲಿ, ಗುಜರಿ, ಗ್ಯಾರೇಜು, ಬೀಡಿ ಇವನ್ನು ನಂಬಿದ ಮನೆಗಳಲ್ಲಿ ವಾರಕ್ಕೊಮ್ಮೆ ಬೇಯುತ್ತಿದ್ದುದು ಎರಡನೆಯದು. ಕಥೆಯಲ್ಲಿ ಮಾತ್ರ ಯಾವಾಗಲೂ ಮೊದಲನೆಯದೇ ಬೇಯುತ್ತದೆ. ಓದುಗ ಮುಜುಗರ ಪಡಬಾರದು ಎಂಬ ದಾಕ್ಷಿಣ್ಯ ಇರಬಹುದು, ಭಯವೂ ಇರಬಹುದು. 2021ರ ಜನವರಿಯಿಂದ ಜಾರಿಗೆ ಬಂದ ಕರ್ನಾಟಕದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಹಸು, ಕರು, ಎತ್ತು, ಹೋರಿ ಎಲ್ಲವನ್ನೂ ನಿಷೇಧಿಸಿ, 13 ವರ್ಷ ದಾಟಿದ ಎಮ್ಮೆ ಕೋಣಗಳನ್ನಷ್ಟೇ ಹೊರಗಿಟ್ಟಿತು. ಬಡವರ ಒಲೆಯ ಮೇಲಿನ ಲೆಕ್ಕ ಇದರಿಂದ ಬದಲಾಯಿತು. ಅರ್ಧ ಕೇಜಿಯಲ್ಲಿ ಎಂಟು ಜನ ಉಣ್ಣುತ್ತಿದ್ದ ಮನೆಯಲ್ಲಿ ಈಗ ಕೋಳಿಯ ಕೊರಳು, ಈರುಳ್ಳಿ, ಮೊಟ್ಟೆ. ಪತ್ರಿಕೆಗಳು ಇದರ ರಾಜಕೀಯವನ್ನು ಬರೆದವು. ಪಾತ್ರೆಯೊಳಗೆ ಇಣುಕಿ ನೋಡಬೇಕಾದದ್ದು ಕಥೆ. ಅದಿನ್ನೂ ಬಾಗಿಲಲ್ಲೇ ನಿಂತಿದೆ.

2022ರ ಯುಗಾದಿಯ ಹೊತ್ತಿಗೆ ಎದ್ದ ಹಲಾಲ್ ಬಹಿಷ್ಕಾರದ ಕೂಗೂ ಹಾಗೆಯೇ. ಹಳೆ ಮೈಸೂರು ಸೀಮೆಯಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕು. ಊರವರು ಚಂದಾ ಹಾಕಿ ಕುರಿ ತಂದು ಸಮಪಾಲು ಮಾಡಿಕೊಳ್ಳುವ ಗುಡ್ಡೆ ಬಾಡಿಗೆ ಸಾಬರನ್ನು ಕರೆಸಿ ಕುಯ್ಯಿಸುವ ವಾಡಿಕೆ ಎಷ್ಟೋ ಹಳ್ಳಿಗಳಲ್ಲಿತ್ತು. ಕುಯ್ದವನಿಗೂ ಒಂದು ಪಾಲು. ಯಾರೂ ಅದನ್ನು ಸೌಹಾರ್ದ ಎಂದು ಕರೆದಿರಲಿಲ್ಲ, ಕೆಲಸ ಎಂದು ಕರೆದಿದ್ದರು. ಆ ಪಾಲು ಮುರಿದ ದಿನ ಒಂದು ಅಂಗಡಿಯ ಮುಂದೆ ಏನಾಯಿತು, ಸಂಜೆ ಆ ಕಟುಕನ ಮನೆಯಲ್ಲಿ ಏನು ಬೇಯಿತು ಎಂಬ ಕಥೆಯನ್ನು ನಾವು ಇನ್ನೂ ಓದಿಲ್ಲ. 2024ರ ಡಿಸೆಂಬರ್‌ನಲ್ಲಿ ಮಂಡ್ಯದ 87ನೇ ಸಾಹಿತ್ಯ ಸಮ್ಮೇಳನಕ್ಕೆ ಮೊದಲು ಮದ್ಯ, ತಂಬಾಕಿನ ಸಾಲಿನಲ್ಲಿ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಿದ ಸೂಚನೆ ಹೊರಬಿದ್ದು ದೊಡ್ಡ ಗದ್ದಲವಾಯಿತು. ಬಾಡೂಟ ಬೇಕೆಂದು ಜನ ಬೀದಿಗಿಳಿದರು. ಸಾಹಿತ್ಯದ ಪಂಕ್ತಿಯಲ್ಲಿ ಬಾಡಿಗೆ ಎಲೆ ಹಾಕಬೇಕೇ ಎಂಬ ಈ ಜಗಳ ಸಾಹಿತ್ಯದ ಒಳಗೇ ಮೊದಲು ನಡೆಯಬೇಕಾಗಿತ್ತು.

ಹಂಚಿ ಉಣ್ಣುವುದರ ಬಗ್ಗೆ ನಮ್ಮ ಕಥೆಗಳು ಸುಲಭವಾಗಿ ಭಾವುಕವಾಗುತ್ತವೆ. ನರಸೀಪುರದ ಯಾವುದೇ ಹಳೆಯ ಬೀದಿಯಲ್ಲಿ ನಿಂತರೆ ಈ ಹಂಚಿಕೆಗೆ ಎಷ್ಟು ಸೂಕ್ಷ್ಮ ನಿಯಮಗಳಿವೆ ಎಂಬುದು ತಿಳಿಯುತ್ತದೆ. ಬಾಳೆಹಣ್ಣು ಯಾರ ಕೈಯಿಂದಲೂ ಯಾರ ಮನೆಗೂ ಹೋಗುತ್ತದೆ. ಚಹಾ ಕೆಲವರ ಮನೆಗೆ. ಎಣ್ಣೆಯಲ್ಲಿ ಕರಿದದ್ದು ಇನ್ನೂ ಕೆಲವರಿಗೆ. ನೀರಲ್ಲಿ ಬೆಂದ ಅನ್ನ ತೀರಾ ಹತ್ತಿರದವರಿಗೆ. ಮುಸ್ಲಿಂ ಮದುವೆಗೆ ಬರುವ ಮಾಂಸ ತಿನ್ನದ ನೆರೆಯವರಿಗೆ ಬೇರೆ ಒಲೆ, ಬೇರೆ ಅಡುಗೆಯವರು. ಇನ್ನೂ ಮಡಿಯವರಿಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿಯ ಪಡಿ. ಇದರಲ್ಲಿ ಗೌರವವೂ ಇದೆ, ಗೋಡೆಯೂ ಇದೆ. ಇವೆರಡನ್ನೂ ಒಟ್ಟಿಗೆ ಹಿಡಿಯಬಲ್ಲ ಕಥೆಗಾರ ಬೇಕು. ದಲಿತ ಕೂಲಿಯಾಳಿಗೆ ಹಿತ್ತಲಲ್ಲಿ ಬೇರೆ ಲೋಟ ಇಡುವ ಪದ್ಧತಿ ಮುಸ್ಲಿಂ ಮನೆಗಳಲ್ಲಿ ಇರಲೇ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರನ್ನೂ ನಾವು ಕಂಡಿಲ್ಲ. ಒಂದೇ ದಸ್ತರ್‌ಖಾನ್‌ನ ಸಮಾನತೆಯ ಬಗ್ಗೆ ಶುಕ್ರವಾರ ಕೇಳುವ ಮಾತಿಗೂ ಶನಿವಾರದ ಹಿತ್ತಲಿಗೂ ನಡುವೆ ಇರುವ ಹಾದಿಯಲ್ಲಿ ಒಂದಲ್ಲ, ಹತ್ತು ಕಥೆಗಳಿವೆ.

ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚಿಗೆ ಹಾಕಿ ನೆರೆಯವರಿಗೂ ಕೊಡಬೇಕೆಂದು ಪ್ರವಾದಿಯವರು (ಸ) ತಮ್ಮ ಸಹಚರ ಅಬೂದರ್‌ರಿಗೆ ಹೇಳಿದ್ದನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಆ ಮಾತು ಹೇಳುವುದು ಔತಣದ ಬಗ್ಗೆ ಅಲ್ಲ, ದಿನದ ಸಾರಿನ ಬಗ್ಗೆ. ನೀರು ಹೆಚ್ಚಿಸಿದರೆ ಸಾರು ತೆಳುವಾಗುತ್ತದೆ. ಕೊಡುವವರ ಮನೆಯವರೂ ಅಂದು ತೆಳುಸಾರನ್ನೇ ಉಣ್ಣಬೇಕು. ಹಬ್ಬದ ದಿನ ಉಳಿದದ್ದನ್ನು ಕಳಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಡುಗೆ ಮಾಡುವ ಹೆಣ್ಣಿಗೆ ಗೊತ್ತು. ನೆರೆಯ ಬಟ್ಟಲನ್ನು ಬರಿದಾಗಿ ಮರಳಿಸಬಾರದೆಂಬ ನಿಯಮವೂ ಅವಳದೇ: ಸಕ್ಕರೆ, ನಾಲ್ಕು ಹಸಿಮೆಣಸು, ಇಲ್ಲವೆಂದರೆ ಎರಡು ಬಾಳೆಹಣ್ಣು. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಪನಾಮಾ ಸೊರಗುರೋಗಕ್ಕೆ ಸಿಕ್ಕು ತೋಟಗಳು ಕರಗಿ, ಊರಿನವರ ಬಟ್ಟಲಿಗೇ ಆ ಹಣ್ಣು ಅಪರೂಪವಾಯಿತು. ಈಗ ಮರಳುವ ಬಟ್ಟಲಲ್ಲಿ ಇರುವುದು ಹೆಚ್ಚಾಗಿ ಪಚ್ಚಬಾಳೆ.

ಕೊಡುವ ಕೈಯ ಬಗ್ಗೆ ಇಷ್ಟು ಹೇಳಿದ ಮೇಲೆ ಉಣ್ಣುವ ಸರದಿಯ ಬಗ್ಗೆಯೂ ಹೇಳಬೇಕು. ಸೌಹಾರ್ದದ ಕಥೆಗಳಲ್ಲಿ ಊಟ ಎಂದರೆ ಹಜಾರದಲ್ಲಿ ಕೂತ ಇಬ್ಬರು ಗಂಡಸರು. ಬಡಿಸಿದ ಕೈ ಪರದೆಯ ಹಿಂದೆ ಸರಿದ ಕೂಡಲೇ ಕಥೆಗೂ ಅದು ಮರೆತುಹೋಗುತ್ತದೆ. ದಸ್ತರ್‌ಖಾನ್ ಮಡಚಿ, ಚೂರುಗಳನ್ನು ಹಿತ್ತಲ ಕೋಳಿಗೆ ಕೊಡವಿ, ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ಒಂದುಗೂಡಿಸಿ, ತಣ್ಣಗಾದ ಮುದ್ದೆಯ ಚೂರಿನಿಂದ ಪಾತ್ರೆಯ ತಳ ಒರೆಸಿಕೊಂಡು ಒಲೆಯ ಮುಂದೆ ಕೂತು ಉಣ್ಣುವವಳ ಜೊತೆ ಅಷ್ಟು ಹೊತ್ತಿನವರೆಗೆ ಎಚ್ಚರವಾಗಿ ಕೂತವರು ಸಾರಾ ಮತ್ತು ಬಾನು ಅವರಂಥ ಕೆಲವರು. ಉಳಿದವರು ಆಗಲೇ ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಜಗಲಿಗೆ ಬಂದಿರುತ್ತಾರೆ.