ಗಂಡಸರು ಬಾಯಿ ಬಿಡುವ ಎತ್ತರ

ರಾನಲ್ಫ್ ಫಿಯೆನ್ಸ್ ಅವರಿಗೆ ಎತ್ತರವೆಂದರೆ ಭಯ. ಎರಡೂ ಧ್ರುವಗಳ ಹಿಮದಲ್ಲಿ ತಿಂಗಳುಗಟ್ಟಲೆ ನಡೆದವರು, ಚಳಿಗೆ ಸತ್ತುಹೋದ ಬೆರಳತುದಿಗಳನ್ನು ಗರಗಸ ಹಿಡಿದು ತಾವೇ ಕತ್ತರಿಸಿಕೊಂಡವರು. ಆದರೂ ಕಾಲ ಕೆಳಗೆ ಕಂದರ ಕಂಡರೆ ಅವರಿಗೆ ತಲೆ ಸುತ್ತುತ್ತಿತ್ತು. ಅಂಥವರು 2007ರ ಮಾರ್ಚ್‌ನಲ್ಲಿ, 63ರ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ಐಗರ್ ಪರ್ವತದ ಉತ್ತರ ಗೋಡೆ ಹತ್ತಿದರು. ಸುಮಾರು 1,800 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತ ಕಲ್ಲು ಮತ್ತು ಮಂಜಿನ ಗೋಡೆ ಅದು. 1938ರಲ್ಲಿ ಮೊದಲ ತಂಡ ಅದನ್ನು ಏರುವ ಮುಂಚೆ ಎಷ್ಟೋ ಮಂದಿ ಅಲ್ಲೇ ಪ್ರಾಣ ಬಿಟ್ಟಿದ್ದರು. ಕೆಂಟನ್ ಕೂಲ್ ಮತ್ತು ಇಯಾನ್ ಪಾರ್ನೆಲ್ ಎಂಬ ಪಳಗಿದ ಆರೋಹಿಗಳು ಹಗ್ಗ ಹಿಡಿದು ಜೊತೆಗಿದ್ದರು. ಬೆರಳೇ ಸರಿಯಿಲ್ಲದ ಕೈಯಲ್ಲಿ ಹಿಮಗೊಡಲಿ ಹಿಡಿದು ಫಿಯೆನ್ಸ್ ಶಿಖರ ಮುಟ್ಟಿದರು.

ಅದಕ್ಕೆ ಮೂರು ವರ್ಷದ ಹಿಂದೆ ಅವರ ಪತ್ನಿ ಜಿನ್ನಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಸಾವಿನ ಅಂಚಿನಲ್ಲಿರುವ ರೋಗಿಗಳನ್ನು ಅವರವರ ಮನೆಯಲ್ಲೇ ನೋಡಿಕೊಳ್ಳಲು ದಾದಿಯರನ್ನು ಕಳಿಸುವ ಮೇರಿ ಕ್ಯೂರಿ ಸಂಸ್ಥೆಗಾಗಿ ಆ ಆರೋಹಣ. ಬಂದ ಹಣ 15 ಲಕ್ಷ ಪೌಂಡನ್ನು ದಾಟಿತು. ಕೊಟ್ಟವರಲ್ಲಿ ಹೆಚ್ಚಿನವರಿಗೆ ಐಗರ್ ಎಲ್ಲಿದೆ ಎಂಬುದೂ ಗೊತ್ತಿರಲಿಕ್ಕಿಲ್ಲ. ಎತ್ತರಕ್ಕೆ ಅಂಜುವ ಮನುಷ್ಯನೊಬ್ಬ ಹೆಂಡತಿಯನ್ನು ನೆನೆದು ಗೋಡೆ ಹತ್ತುತ್ತಿದ್ದಾನೆ ಎಂಬ ಸುದ್ದಿ ಅವರ ಕರುಳಿಗೆ ತಟ್ಟಿತ್ತು. ಎರಡು ವರ್ಷ ಕಳೆದು, ಹಿಂದೆ ಎರಡು ಸಲ ಹಿಂದಿರುಗಿದ್ದ ಎವರೆಸ್ಟನ್ನೂ 65ನೇ ವಯಸ್ಸಿನಲ್ಲಿ ಅದೇ ಸಂಸ್ಥೆಯ ಹೆಸರಿನಲ್ಲಿ ಏರಿದರು.

ಕಾಯಿಲೆಗಾಗಿ ಬೆಟ್ಟ ಹತ್ತುವ ಪದ್ಧತಿಗೆ ಗಟ್ಟಿ ರೂಪ ಕೊಟ್ಟದ್ದರಲ್ಲಿ ಹೆಂಗಸರೇ ಮುಂದು. 1995ರಲ್ಲಿ, ಸ್ತನ ಕ್ಯಾನ್ಸರ್ ಗೆದ್ದು ಬಂದ 17 ಮಹಿಳೆಯರು ಲಾರಾ ಇವಾನ್ಸ್ ಅವರ ಮುಂದಾಳತ್ವದಲ್ಲಿ ಅರ್ಜೆಂಟೀನಾದ ಅಕಾಂಕಾಗುವಾಕ್ಕೆ ಹೊರಟರು. 6,961 ಮೀಟರ್, ಏಷ್ಯಾದ ಹೊರಗೆ ಅದಕ್ಕಿಂತ ಎತ್ತರದ ಪರ್ವತವಿಲ್ಲ. ಆಮೇಲೆ ಕ್ಯಾಲಿಫೋರ್ನಿಯಾದ ಶಾಸ್ತಾ ಪರ್ವತಕ್ಕೆ ಇಂಥ ಯಾತ್ರೆಗಳು ನಡೆದವು. ಕಾಯಿಲೆಯಲ್ಲಿರುವವರ, ತೀರಿಕೊಂಡವರ ಹೆಸರು ಬರೆದ ಪ್ರಾರ್ಥನಾ ಬಾವುಟಗಳು ಹತ್ತುವವರ ಜೊತೆ ಮೇಲಕ್ಕೆ ಹೋದವು. ಎದೆಯ ಗಂಟಿನ ಬಗ್ಗೆ ಮಾತಾಡುವುದೇ ಮುಜುಗರವೆನಿಸಿದ್ದ ಕಾಲವನ್ನು ಈ ಹೆಂಗಸರು ಹಿಂದೆ ಹಾಕಿದರು.

ಗಂಡಸರು ಆ ಹೊತ್ತಿಗೆ ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ. ಮೆಲ್ಬರ್ನಿನ 30 ಮಂದಿ ಗೆಳೆಯರು ನವೆಂಬರ್ ತಿಂಗಳಲ್ಲಿ ಮೀಸೆ ಬಿಟ್ಟು 'ಮೂವೆಂಬರ್' ಶುರು ಮಾಡಿದ್ದು 2003ರಲ್ಲಿ. ಅದು ಪ್ರಾಸ್ಟೇಟ್ ಕ್ಯಾನ್ಸರಿಗೆ ಹಣ ಕೂಡಿಸುವ ಚಳವಳಿಯಾದದ್ದು ಮರುವರ್ಷ. 2016ರಲ್ಲಿ ಟಿವಿಯ ಫುಟ್‌ಬಾಲ್ ನಿರೂಪಕ ಜೆಫ್ ಸ್ಟೆಲಿಂಗ್ ಹಾರ್ಟ್ಲಿಪೂಲ್‌ನಿಂದ ಲಂಡನ್ನಿನ ವೆಂಬ್ಲಿವರೆಗೆ ಹತ್ತು ದಿನಕ್ಕೆ ಹತ್ತು ಮ್ಯಾರಥಾನಿನಷ್ಟು ದೂರ ನಡೆದರು. ಇಂದು ಬ್ರಿಟನ್ನಿನಲ್ಲಿ ಇದೇ ಕಾಯಿಲೆಗಾಗಿ ಸ್ನೋಡನ್‌ನಿಂದ ಕಿಲಿಮಂಜಾರೊವರೆಗೆ ಗಂಡಸರು ಗುಂಪು ಕಟ್ಟಿಕೊಂಡು ಹತ್ತುತ್ತಾರೆ.

ಪ್ರಾಸ್ಟೇಟಿಗೂ ಬೆಟ್ಟಕ್ಕೂ ಒಂದು ನೇರ ನಂಟಿದೆ. ಚಾರಣದ ಅನುಭವವಿರುವ ಐವತ್ತು ದಾಟಿದ ಯಾರಿಗಾದರೂ ಅದು ಗೊತ್ತು, ಹೇಳುವವರು ಕಡಿಮೆ. ಎತ್ತರಕ್ಕೆ ಹೋದಂತೆ ದೇಹ ನೀರನ್ನು ಹೆಚ್ಚು ಹೊರಹಾಕುತ್ತದೆ. ಎತ್ತರದ ಬಾಧೆ ತಡೆಯಲು ನುಂಗುವ ಡಯಾಮಾಕ್ಸ್ ಮಾತ್ರೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪ್ರಾಸ್ಟೇಟ್ ಎಂಬ ಅಡಿಕೆಗಿಂತ ತುಸು ದೊಡ್ಡ ಗ್ರಂಥಿ ಇರುವುದು ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು. ವಯಸ್ಸಾದಂತೆ ಕ್ಯಾನ್ಸರ್ ಇಲ್ಲದೆಯೂ ಅದು ದಪ್ಪಗಾಗುತ್ತದೆ. ಕಿಲಿಮಂಜಾರೊದ ಬರಾಫು ಶಿಬಿರ 4,600 ಮೀಟರಿಗೂ ಮೇಲಿದೆ. ನಡುರಾತ್ರಿ ಶಿಖರಕ್ಕೆ ಹೊರಡುವ ಮುನ್ನ ಅಲ್ಲಿ ಸಿಗುವ ನಾಲ್ಕು ತಾಸಿನ ನಿದ್ದೆಯಲ್ಲಿ, ಕೊರೆಯುವ ಚಳಿಗೆ ಮಲಗುಚೀಲದಿಂದ ಮತ್ತೆ ಮತ್ತೆ ಏಳಬೇಕಾದವನ ಪಾಡು ಪಕ್ಕದ ಡೇರೆಯವನಿಗೂ ಕೇಳಿಸುತ್ತದೆ. ಹೊರಡುವ ಮುನ್ನ ಚಹಾ ಹೀರುವಾಗ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಹೇಳುತ್ತಾನೆ. ಮನೆಯಲ್ಲಿ ಹೆಂಡತಿಗೂ ಹೇಳದೆ ಮುಚ್ಚಿಟ್ಟದ್ದು ಅಲ್ಲಿ ಹೊರಬರುತ್ತದೆ.

ಎದುರುಬದುರು ಕೂತು ಇದನ್ನೆಲ್ಲ ಮಾತಾಡಲು ಗಂಡಸರಿಗೆ ಕಷ್ಟ. ಕಾಲುದಾರಿಯಲ್ಲಿ ಹಿಂದುಮುಂದಾಗಿ ನಡೆಯುವಾಗ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ಆರೋಹಣಗಳು ಕೂಡಿಸಿಕೊಡುವ ಹಣಕ್ಕಿಂತ ಅಲ್ಲಿ ಆಡುವ ಮಾತೇ ಹೆಚ್ಚು ಬೆಲೆಯದು. ಹಾಗಿದ್ದ ಮೇಲೆ ಆ ಮಾತು ಸರಿಯಾಗಿಯೂ ಇರಬೇಕು.

ಇಂಥ ಆರೋಹಣಗಳಲ್ಲಿ ಸಾಮಾನ್ಯವಾಗಿ ಹಂಚುವ ಕರಪತ್ರದಲ್ಲಿ ಇರುವುದೇನು? ಮೂತ್ರ ತಡೆದು ತಡೆದು ಬಂದರೆ, ರಾತ್ರಿ ಪದೇ ಪದೇ ಏಳುವಂತಾದರೆ ಪರೀಕ್ಷೆ ಮಾಡಿಸಿ ಎಂದು. ಅದರ ಹಿಂದಿನ ಕಾಳಜಿ ದೊಡ್ಡದು, ಆದರೆ ಅರ್ಧ ಸತ್ಯ. ಕೇಂಬ್ರಿಜ್‌ನ ವಿನ್ಸೆಂಟ್ ಜ್ಞಾನಪ್ರಗಾಸಂ ಮತ್ತು ಸಂಗಡಿಗರು 2022ರಲ್ಲಿ ಇದನ್ನು ಖಚಿತವಾಗಿ ಬರೆದರು: ಮೂತ್ರದ ತೊಂದರೆಗೂ ಪ್ರಾಸ್ಟೇಟ್ ಕ್ಯಾನ್ಸರಿಗೂ ಸಂಬಂಧವಿದೆ ಎನ್ನಲು ಗಟ್ಟಿ ಆಧಾರವಿಲ್ಲ, ಅದಕ್ಕೇ ಒತ್ತು ಕೊಟ್ಟರೆ ರೋಗವನ್ನು ಬೇಗ ಪತ್ತೆ ಮಾಡಲು ತೊಡಕಾಗಬಹುದು. ಗುಣಪಡಿಸಬಹುದಾದ ಹಂತದಲ್ಲಿ ಈ ಕ್ಯಾನ್ಸರ್ ಸಾಮಾನ್ಯವಾಗಿ ಯಾವ ಸುಳಿವನ್ನೂ ಕೊಡುವುದಿಲ್ಲ. ತೊಂದರೆ ಇಲ್ಲ ಎಂದು ಸುಮ್ಮನಿದ್ದವನೇ ಮೋಸ ಹೋಗುತ್ತಾನೆ.

ಆರು ಒಲಿಂಪಿಕ್ ಚಿನ್ನ ಗೆದ್ದ ಸೈಕಲ್ ಪಟು ಕ್ರಿಸ್ ಹೊಯ್ ಅವರ ಕತೆ ಇದಕ್ಕೆ ಸಾಕ್ಷಿ. ಅವರಿಗಿದ್ದದ್ದು ಭುಜದ ನೋವು. ವ್ಯಾಯಾಮದಲ್ಲಿ ಉಳುಕಿರಬೇಕು ಎಂದುಕೊಂಡು ಸ್ಕ್ಯಾನ್ ಮಾಡಿಸಿದರೆ ಅಲ್ಲಿ ಗೆಡ್ಡೆ; ಮೂಲ ಹುಡುಕಿದಾಗ ಪ್ರಾಸ್ಟೇಟ್, ಅಷ್ಟರಲ್ಲಿ ಎಲುಬಿಗೆ ಹರಡಿತ್ತು. ಅವರ ತಂದೆಗೂ ಅಜ್ಜನಿಗೂ ಅದೇ ಕಾಯಿಲೆಯಿತ್ತು. 2024ರ ಅಕ್ಟೋಬರಿನಲ್ಲಿ, ತಮ್ಮದು ಇನ್ನು ವಾಸಿಯಾಗದ ಹಂತ ಎಂದು ಅವರು ಜಗತ್ತಿಗೆ ಹೇಳಿದರು. ಮರುವರ್ಷ ಗ್ಲಾಸ್ಗೋದಲ್ಲಿ ಸಾವಿರಾರು ಜನರನ್ನು ಸೇರಿಸಿ ಸೈಕಲ್ ಸವಾರಿ ನಡೆಸಿದರು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ ವೈದ್ಯರ ಬಳಿ ಬೇಗನೆ ಮಾತಾಡಬೇಕು ಎಂಬುದು ಅವರು ಎತ್ತಿ ಹೇಳುವ ಮಾತು.

ಹಾಗಾದರೆ ಎಲ್ಲ ಗಂಡಸರೂ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿಬಿಡಬೇಕೇ? ಇಲ್ಲಿಯೂ ಬ್ಯಾನರಿನ ಒಂದು ಸಾಲಿಗೆ ಹಿಡಿಯದ ಲೆಕ್ಕವಿದೆ. ಯುರೋಪಿನ ಅತಿ ದೊಡ್ಡ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಹೊರಬಂತು. ಪರೀಕ್ಷೆಗೆ ಕರೆದವರಲ್ಲಿ ಈ ಕ್ಯಾನ್ಸರಿನ ಸಾವು ಶೇ 13ರಷ್ಟು ಕಡಿಮೆ; 456 ಮಂದಿಯನ್ನು ಕರೆದರೆ ಒಂದು ಸಾವು ತಪ್ಪುತ್ತದೆ. ಇನ್ನೊಂದು ಕಡೆ, ಇದು ಹಲವರಲ್ಲಿ ಬಹಳ ನಿಧಾನವಾಗಿ ಬೆಳೆಯುವ ರೋಗ. ಬ್ರಿಟನ್ನಿನ 'ಪ್ರೊಟೆಕ್ಟ್' ಅಧ್ಯಯನ 1,643 ಮಂದಿಯನ್ನು 15 ವರ್ಷ ಹಿಂಬಾಲಿಸಿತು. ಶಸ್ತ್ರಚಿಕಿತ್ಸೆ, ವಿಕಿರಣ, ಬರೀ ನಿಗಾ, ಈ ಮೂರರಲ್ಲಿ ಯಾವುದನ್ನು ಪಡೆದವರಲ್ಲೂ ಅದೇ ಕ್ಯಾನ್ಸರಿಗೆ ಬಲಿಯಾದವರು ನೂರಕ್ಕೆ ಸುಮಾರು ಮೂವರು. ಬೇಡದ ಚಿಕಿತ್ಸೆಯಿಂದ ಮೂತ್ರದ ಹಿಡಿತವನ್ನೂ ದಾಂಪತ್ಯದ ಸುಖವನ್ನೂ ಕಳೆದುಕೊಂಡವರಿದ್ದಾರೆ. ಆದ್ದರಿಂದ ಪರೀಕ್ಷೆಗೆ ಮುಂಚೆ ವೈದ್ಯರೊಡನೆ ಹತ್ತು ನಿಮಿಷ ಮಾತಾಡಿ ಎನ್ನುವ ಸಂದೇಶವೇ ಪ್ರಾಮಾಣಿಕವಾದದ್ದು.

ಕೂಡಿಬಂದ ಹಣ ಈ ಗೊಂದಲವನ್ನೇ ಬಿಡಿಸಲು ಹೋದರೆ ಅದಕ್ಕಿಂತ ಸಾರ್ಥಕ ಬೇರೊಂದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಯುಕೆ ಸಂಸ್ಥೆ ಸರ್ಕಾರದ ನೆರವನ್ನೂ ಪಡೆದು 4.2 ಕೋಟಿ ಪೌಂಡಿನ 'ಟ್ರಾನ್ಸ್‌ಫಾರ್ಮ್' ಅಧ್ಯಯನಕ್ಕೆ ಕೈಹಾಕಿದೆ. ರಕ್ತಪರೀಕ್ಷೆ, ವೇಗದ ಎಂಆರ್‌ಐ, ವಂಶವಾಹಿ ಪರೀಕ್ಷೆಗಳನ್ನು ಹೇಗೆ ಜೋಡಿಸಿದರೆ ಅಪಾಯಕಾರಿ ಕ್ಯಾನ್ಸರ್ ಮಾತ್ರ ಬಲೆಗೆ ಬೀಳುತ್ತದೆ ಎಂದು ಲಕ್ಷಾಂತರ ಗಂಡಸರಲ್ಲಿ ನೋಡುವುದು ಅದರ ಗುರಿ. ಮೀಸೆ ಬಿಟ್ಟವರ ಹಣವೂ ಅದರಲ್ಲಿ ಸೇರಿದೆ.

ಹಣ ಬೆಟ್ಟದ ನಾಡಿನಲ್ಲೇ ಉಳಿದ ಒಂದು ಒಳ್ಳೆಯ ಉದಾಹರಣೆಯೂ ಇದೆ. ರಕ್ತದ ಕ್ಯಾನ್ಸರಿನೊಡನೆ ಬದುಕುತ್ತಿದ್ದ ವೇಲ್ಸ್‌ನ ರಾಕ್ ಗಾಯಕ ಮೈಕ್ ಪೀಟರ್ಸ್ 2007ರಲ್ಲಿ ಸಂಗೀತಗಾರರ ತಂಡವನ್ನು ಎವರೆಸ್ಟ್ ತಪ್ಪಲಿಗೆ ನಡೆಸಿಕೊಂಡು ಹೋಗಿ, ಉಸಿರು ಸಿಗದ ಎತ್ತರದಲ್ಲಿ ಕಛೇರಿ ಕೊಟ್ಟರು. ಆ ಯಾತ್ರೆಯ ಹಣ ನೇಪಾಳದ ಭಕ್ತಪುರ ಕ್ಯಾನ್ಸರ್ ಆಸ್ಪತ್ರೆಗೆ ನೆರವಾಯಿತು. ಶೆರ್ಪಾಗಳ ದೇಶದ ಬೆಟ್ಟ ಹತ್ತಿ ಅವರ ಆಸ್ಪತ್ರೆಗೇ ಕೊಡುವ ಈ ಕ್ರಮ ಎಲ್ಲ ಆರೋಹಣಗಳಿಗೂ ಮೇಲ್ಪಂಕ್ತಿಯಾಗಬೇಕಿತ್ತು. ಆಗಲಿಲ್ಲ.

ಅನೇಕ ಕಡೆ ನಡೆಯುತ್ತಿರುವುದು ಬೇರೆ. ದಾನಿಗಳಿಂದ ಇಂತಿಷ್ಟು ಹಣ ತಂದರೆ ಸಾಕು, ವಿಮಾನ, ಶಿಬಿರ, ಊಟದ ಖರ್ಚೆಲ್ಲ ಅದರಲ್ಲೇ ಕಳೆಯುತ್ತದೆ ಎಂಬ ಏರ್ಪಾಡಿನಲ್ಲಿ, ಕಾಯಿಲೆಗೆಂದು ಕೊಟ್ಟ ನೂರು ರೂಪಾಯಿಯಲ್ಲಿ ದೊಡ್ಡ ಪಾಲು ಪ್ರವಾಸಕ್ಕೆ ಹೋಗುತ್ತದೆ. ತನ್ನ ಖರ್ಚನ್ನು ತಾನೇ ಭರಿಸಿ, ಬಂದದ್ದನ್ನೆಲ್ಲ ಸಂಸ್ಥೆಗೆ ಒಪ್ಪಿಸುವವನಿಗೆ ಮಾತ್ರ ಹಣ ಕೇಳುವ ನೈತಿಕ ಬಲವಿರುತ್ತದೆ. ಅದು ಕೈಲಾಗದಿದ್ದರೆ ಹತ್ತಿರದ ಗುಡ್ಡ ಹತ್ತಲಿ.

ಹತ್ತಿರದ ಗುಡ್ಡಕ್ಕೂ ಅದರದೇ ಸಂಕಟಗಳಿವೆ. ಬೆನ್ ನೆವಿಸ್, ಸ್ಕಾಫೆಲ್ ಪೈಕ್, ಸ್ನೋಡನ್ ಶಿಖರಗಳನ್ನು 24 ತಾಸಿನಲ್ಲಿ ಮುಗಿಸುವ ಬ್ರಿಟನ್ನಿನ 'ತ್ರೀ ಪೀಕ್ಸ್' ಸವಾಲಿನಿಂದ ದತ್ತಿ ಸಂಸ್ಥೆಗಳಿಗೆ ಲಾಭವಿದೆ. ನಡುರಾತ್ರಿ ವ್ಯಾನುಗಳ ಸದ್ದು, ದಾರಿಬದಿಯ ಕಸ, ಸವೆದ ಕಾಲುದಾರಿ ಮಾತ್ರ ಬೆಟ್ಟದ ಬುಡದ ಹಳ್ಳಿಗಳ ಪಾಲು. ದಾರಿ ತಪ್ಪಿದವರನ್ನು ಕತ್ತಲಲ್ಲಿ ಹುಡುಕಿ ತರುವ ರಕ್ಷಣಾ ತಂಡದವರೂ ಸಂಬಳವಿಲ್ಲದ ಸ್ವಯಂಸೇವಕರು. ಕಿಲಿಮಂಜಾರೊದಲ್ಲಿ ಹೊರೆಯಾಳಿಗೆ 20 ಕಿಲೋ ಮಿತಿ ಎಂದಿದ್ದರೂ ಮೀರಿ ಹೊರಿಸುವವರಿದ್ದಾರೆ. ಅವರ ಕೂಲಿ, ಬಟ್ಟೆ, ಊಟದ ಮೇಲೆ ನಿಗಾ ಇಡಲು 2003ರಲ್ಲಿ ಬೇರೆಯೇ ಒಂದು ಸಂಸ್ಥೆ ಹುಟ್ಟಬೇಕಾಯಿತು. ಈ ವಿಷಯದಲ್ಲಿ ನೆನೆಯಬೇಕಾದವರು ಡಗ್ ಸ್ಕಾಟ್. 1975ರಲ್ಲಿ ಎವರೆಸ್ಟ್ ಮುಟ್ಟಿದ ಮೊದಲ ಇಬ್ಬರು ಬ್ರಿಟನ್ನರಲ್ಲಿ ಒಬ್ಬರಾದ ಅವರು ಬದುಕಿನ ಉತ್ತರಾರ್ಧವನ್ನು ನೇಪಾಳದ ಹೊರೆಯಾಳುಗಳ ತಂಗುದಾಣ, ಆರೋಗ್ಯ ಕೇಂದ್ರಗಳಿಗೆ ಮುಡಿಪಿಟ್ಟರು. 2020ರಲ್ಲಿ ಮಿದುಳಿನ ಕ್ಯಾನ್ಸರ್ ಹಿಡಿದು, ಲಾಕ್‌ಡೌನಿನಲ್ಲಿ ಮನೆಯೊಳಗಿದ್ದಾಗಲೂ ಎವರೆಸ್ಟಿನ ಹಳೆಯ ಸೂಟ್ ತೊಟ್ಟು ಮನೆಯ ಮೆಟ್ಟಿಲು ಹತ್ತಿ ಅದೇ ಕೆಲಸಕ್ಕೆ ಹಣ ಕೂಡಿಸಿದರು. ಆ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಅಷ್ಟೂ ಆರೋಹಣಗಳಲ್ಲಿ ಇದನ್ನು ಚಿಕ್ಕದೆನ್ನಲು ಸಾಧ್ಯವಿಲ್ಲ.

ಪ್ರಾಸ್ಟೇಟ್ ಕ್ಯಾನ್ಸರ್ ಇರುವವರೇ ಹತ್ತಬಹುದೇ? ಹಲವರು ಹತ್ತಿದ್ದಾರೆ. ಪುರುಷ ಹಾರ್ಮೋನನ್ನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ನೊಬೆಲ್ ಪಡೆದರು. ಇವತ್ತಿಗೂ ಮುಂದುವರಿದ ರೋಗಕ್ಕೆ ಅದೇ ಚಿಕಿತ್ಸೆಯ ಬುನಾದಿ. ಆದರೆ ಅದರಿಂದ ಮಾಂಸಖಂಡ ಕರಗುತ್ತದೆ, ಎಲುಬು ಟೊಳ್ಳಾಗುತ್ತದೆ, ಸುಸ್ತು ಬಿಡುವುದಿಲ್ಲ. ಆಸ್ಟ್ರೇಲಿಯಾದ ಡೇನಿಯಲ್ ಗಲ್ವಾವ್ ಮತ್ತು ರಾಬರ್ಟ್ ನ್ಯೂಟನ್ 2010ರಲ್ಲಿ ಇಂಥ 57 ರೋಗಿಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡು ಒಂದು ಗುಂಪಿಗೆ 12 ವಾರ ಭಾರ ಎತ್ತಿಸಿ, ನಡೆಸಿ ನೋಡಿದರು. ಅವರ ಮಾಂಸಖಂಡವೂ ಬಲವೂ ಹೆಚ್ಚಿದವು. ಬೆಟ್ಟಕ್ಕೆಂದು ಆರು ತಿಂಗಳು ಮಾಡುವ ತಯಾರಿಯೇ ಒಂದು ಔಷಧ. ಎಲುಬಿಗೆ ಹರಡಿದ್ದರೆ ಮಾತ್ರ ವೈದ್ಯರ ಒಪ್ಪಿಗೆಯಿಲ್ಲದೆ ಬೆನ್ನಿಗೆ ಭಾರ ಏರಿಸಬಾರದು.

ಕರ್ನಾಟಕಕ್ಕೂ ಇದು ದೂರದ ಸಂಗತಿಯಲ್ಲ. ಕ್ಯಾನ್ಸರ್ ನೋಂದಣಿಗಳ ಲೆಕ್ಕವನ್ನು ವಿಶ್ಲೇಷಿಸಿದ ಅಧ್ಯಯನವೊಂದು ಬೆಂಗಳೂರಿನ ಗಂಡಸರಲ್ಲಿ ಪ್ರಾಸ್ಟೇಟಿಗೆ ಮೂರನೇ ಸ್ಥಾನ ಕೊಟ್ಟಿತ್ತು. ಜಗತ್ತಿನಲ್ಲಿ 2020ರಲ್ಲಿ 14 ಲಕ್ಷವಿದ್ದ ಹೊಸ ರೋಗಿಗಳ ಸಂಖ್ಯೆ 2040ಕ್ಕೆ 29 ಲಕ್ಷವಾಗಲಿದೆ, ಏರಿಕೆಯ ಹೊರೆ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಮೇಲೆ ಎಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಎಚ್ಚರಿಸಿದೆ. ಇಲ್ಲಿ ಮಾತು ಶುರುವಾಗಲು ಒಂದು ಬಾಗಿಲು ಈಗಾಗಲೇ ತೆರೆದಿದೆ. ಶಿವರಾಜ್‌ಕುಮಾರ್ 2024ರ ಡಿಸೆಂಬರಿನಲ್ಲಿ ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಹೊಸ ವರ್ಷದ ದಿನ ಪತ್ನಿ ಗೀತಾ ಜೊತೆ ಕೂತು ಅದನ್ನೆಲ್ಲ ಜನರಿಗೆ ಹೇಳಿದರು. ಸೊಂಟದ ಕೆಳಗಿನ ಕಾಯಿಲೆಯನ್ನು ಕನ್ನಡದ ನಾಯಕನಟನೊಬ್ಬ ಹೀಗೆ ನಿಸ್ಸಂಕೋಚವಾಗಿ ಹೇಳಿಕೊಂಡದ್ದು ಸಣ್ಣ ಸಂಗತಿಯಲ್ಲ.

ಬೆಟ್ಟಗಳಿಗೂ ಇಲ್ಲಿ ಬರವಿಲ್ಲ. ಕುಮಾರಪರ್ವತಕ್ಕೆ 2024ರ ಜನವರಿಯ ರಜೆಯಲ್ಲಿ ಜನಸಾಗರ ನುಗ್ಗಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ, ದಿನಕ್ಕಿಷ್ಟೇ ಜನ ಎಂಬ ನಿಯಮ ತಂದಿತು. ಕಾಯಿಲೆಯ ಹೆಸರಿನಲ್ಲಿ ಹೋಗುವ ತಂಡಕ್ಕೂ ಅದು ಅನ್ವಯ. ಐನೂರು ಜನರ ಟೀಶರ್ಟ್ ಜಾತ್ರೆಗಿಂತ ಇಪ್ಪತ್ತು ಮಂದಿ ಅಪ್ಪ-ಮಕ್ಕಳು ನಡೆದು, ದಾರಿಯಲ್ಲಿ ಸಿಗುವ ಗಿರಿಗದ್ದೆಯಲ್ಲಿ ಊಟಕ್ಕೆ ಕೂತಾಗ ಅಜ್ಜನಿಗೆ ಏನಾಗಿತ್ತು ಎಂದು ಕೇಳಿಕೊಂಡರೆ ಫಲ ಹೆಚ್ಚು. ಸಂಘಟಕರು ಗಮನಿಸಬೇಕಾದ ಒಂದು ಅಂಶವಿದೆ: ಪಿಎಸ್‌ಎ ಪರೀಕ್ಷೆಗೆ ಮುಂಚಿನ 48 ತಾಸು ಮೈಮುರಿಯುವ ವ್ಯಾಯಾಮ ಮಾಡಬಾರದು, ಮಾಡಿದರೆ ಅಂಕಿ ಏರುಪೇರಾಗಬಹುದು. ಬೆಟ್ಟ ಇಳಿದು ಬಂದವರಿಗೆ ಅಲ್ಲೇ ತಪ್ಪಲಿನಲ್ಲಿ ರಕ್ತಪರೀಕ್ಷೆಯ ಶಿಬಿರ ಹಾಕುವುದು ಬೇಡ. ಅದು ಮುಂದಿನ ಭಾನುವಾರ, ಊರಿನಲ್ಲಿ, ವೈದ್ಯರು ಕೂತು ಮಾತಾಡಲು ಬಿಡುವಿರುವ ಕಡೆ ನಡೆಯಲಿ.