ಕಂಡವನೂ ಮಾಗಬೇಕು: ಸಿದ್ಧರಾಮ ಪ್ರಸಂಗದ ಒಂದು ಓದು

ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಲಾರಂಭಿಸಿದರು. ಅವರು ಬೇಡಿದ ಭಿಕ್ಷೆ ಜೋಳವಲ್ಲ, ದುಡ್ಡೂ ಅಲ್ಲ. ಕುಡಿತ ಮೊದಲಾದ ದುಶ್ಚಟಗಳನ್ನು ಜೋಳಿಗೆಗೆ ಹಾಕಿರೆಂದು ಬೇಡಿದರು. 'ಮಹಾಂತ ಜೋಳಿಗೆ' ಎಂದು ಹೆಸರಾದ ಈ ಕಾರ್ಯದ ನೆನಪಿನಲ್ಲಿ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಚಟವನ್ನು ಜೋಳಿಗೆಗೆ ಹಾಕುವುದು ಒಂದು ಕ್ಷಣದ ಕೆಲಸ. ಆ ಕ್ಷಣ ನಿಜವಾದದ್ದೇ. ಆದರೆ ಅದೇ ದಿನ ಸಂಜೆಯಾಗುತ್ತದೆ, ಮರುದಿನವೂ ಸಂಜೆಯಾಗುತ್ತದೆ. ಕ್ಷಣದಲ್ಲಿ ಕೊಟ್ಟ ಮಾತನ್ನು ಸಂಜೆಗಳಲ್ಲಿ ಉಳಿಸಿಕೊಳ್ಳುವ ಮನುಷ್ಯನು ಹೇಗೆ ರೂಪುಗೊಳ್ಳುತ್ತಾನೆ? ಇದು ಮಠದ ಪ್ರಶ್ನೆ ಮಾತ್ರವಲ್ಲ, ಸಭೆಯ ಪ್ರಶ್ನೆಯೂ ಹೌದು.

ಈ ಸೀಮೆಯ ಸಭೆಗಳಿಗಂತೂ ಅದು ಹುಟ್ಟಿನಿಂದಲೇ ಅಂಟಿಬಂದ ಪ್ರಶ್ನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1851ರಲ್ಲಿ ಬಾದಾಮಿ ಸೀಮೆಯ ನೇಕಾರರ ಊರಾದ ಗುಳೇದಗುಡ್ಡದಲ್ಲಿ ಕೇಂದ್ರವನ್ನು ತೆರೆಯಿತು. ಆ ಮಿಷನರಿಗಳಲ್ಲಿ ಅನೇಕರು ಜರ್ಮನಿಯ ವುರ್ಟೆಂಬರ್ಗಿನ ಭಕ್ತಿಜಾಗೃತಿಯಲ್ಲಿ ಬೆಳೆದವರು. ಪಾಪದ ಅರಿವು, ಕೃಪೆಯ ಅನುಭವ, ಆ ಅನುಭವದ ಸಾಕ್ಷಿ ಇವೇ ಅವರಿಗೆ ಕ್ರೈಸ್ತ ಜೀವಿತದ ಬಾಗಿಲು. ಆ ಬಾಗಿಲಿನಿಂದಲೇ ನಾವೂ ಒಳಗೆ ಬಂದೆವು. ಆದುದರಿಂದಲೇ ಸಭಾಸೇವೆಗೆ ಅಭ್ಯರ್ಥಿಯೊಬ್ಬನು ಬಂದಾಗ ನಾವು ಮೊದಲು ಕೇಳುವುದು, ಕರ್ತನು ನಿನ್ನನ್ನು ಯಾವಾಗ, ಎಲ್ಲಿ ಸಂಧಿಸಿದನೆಂದು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅದರ ಬೆನ್ನಿಗೇ ಕೇಳಬೇಕಾದ ಎರಡನೆಯ ಪ್ರಶ್ನೆಯೊಂದುಂಟು. ಅದನ್ನು ನಾವು ಕೇಳುವುದು ಅಪರೂಪ. ಅದು ಯಾವುದೆಂಬುದನ್ನು ಶೂನ್ಯಸಂಪಾದನೆ ಬಲ್ಲದು.

ಹುನಗುಂದ ಸೀಮೆಯಲ್ಲಿ ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮದಲ್ಲಿ ಅಧ್ಯಯನ ಮಾಡಿ, ಕಲ್ಯಾಣಕ್ಕೆ ಹೋದ ಬಸವಣ್ಣನ ಸುತ್ತ ನೆರೆದ ಶರಣರ ವಚನಗಳನ್ನು ಸಂವಾದಗಳಾಗಿ ಜೋಡಿಸಿದ ಕೃತಿ ಅದು. ವಚನಗಳು ಹನ್ನೆರಡನೆಯ ಶತಮಾನದವು, ಜೋಡಣೆ ಶತಮಾನಗಳ ಅನಂತರದ್ದು. ನಾಲ್ಕು ಪರಿಷ್ಕರಣಗಳು ನಮಗೆ ದೊರೆತಿವೆ. ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ ಪ್ರಕಟಿಸಿದ ಅದರ ಇಂಗ್ಲಿಷ್ ಅನುವಾದದಲ್ಲಿ ಕ್ರೈಸ್ತ ಕವಿ ಅರ್ಮಾಂಡೊ ಮೆನೆಜಿಸ್ ಅವರ ಕೈಯೂ ಇತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಕೃತಿಯ ಸಿದ್ಧರಾಮ ಪ್ರಸಂಗವನ್ನು ಓದುವ ಮುನ್ನ ಆತನ ಹಿನ್ನೆಲೆಯನ್ನು ನೆನೆಯಬೇಕು. ಹೊಲ ಕಾಯುತ್ತಿದ್ದ ಹುಡುಗನ ಬಳಿಗೆ ಮಲ್ಲಯ್ಯನು ಜಂಗಮರೂಪದಲ್ಲಿ ಬಂದು ಮರೆಯಾದನೆಂದೂ, ಹುಡುಗನು ಅವನನ್ನು ಕೂಗುತ್ತಾ ಶ್ರೀಶೈಲದವರೆಗೆ ಅಲೆದು ದರ್ಶನ ಪಡೆದನೆಂದೂ ಪರಂಪರೆ ಹೇಳುತ್ತದೆ. ಸಂಶಯಕ್ಕೆ ಎಡೆಯಿಲ್ಲದ ಜಾಗೃತಿ ಅದು. ಅದರ ಫಲವೂ ಕಣ್ಣಿಗೆ ಕಾಣುವಂತಹುದು: ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ತೋಡಿಸಿದನು, ಗುಡಿ ಕಟ್ಟಿಸಿದನು. ಅಲ್ಲಿಗೆ ಅಲ್ಲಮನು ಬರುತ್ತಾನೆ. ಮಣ್ಣು ಹೊರುವವರನ್ನು ಕಂಡು, ನಿಮ್ಮ 'ಒಡ್ಡರಾಮ' ಎಲ್ಲಿ ಎಂದು ಕೇಳುತ್ತಾನೆ. ಕೆಲಸಗಾರರು ಕಲ್ಲೆಸೆಯುತ್ತಾರೆ. ಸುದ್ದಿ ಕೇಳಿ ಬಂದ ಸಿದ್ಧರಾಮನು ಕೆರಳಿ ಉರಿಗಣ್ಣು ತೆರೆಯುತ್ತಾನೆ. ಆ ಉರಿ ಅಲ್ಲಮನನ್ನು ಸುಡಲಾರದೆ ಹೋಗುತ್ತದೆ.

ಈ ಉರಿಗಣ್ಣೇ ಪ್ರಸಂಗದ ಹೃದಯ. ಸಿದ್ಧರಾಮನು ಕಪಟಿಯೆಂದು ಕೃತಿ ಹೇಳುವುದಿಲ್ಲ. ಅವನ ದರ್ಶನವೂ ನಿಜ, ಶಕ್ತಿಯೂ ನಿಜ. ತನ್ನನ್ನು ಮರ್ಯಾದೆಯಿಲ್ಲದೆ ಕರೆದಾಗ ಆ ನಿಜವಾದ ಶಕ್ತಿಯೇ ಸಿಟ್ಟಿನ ಕೈಗೆ ಆಯುಧವಾಗುತ್ತದೆ. ಜಾಗೃತಿಯಿಲ್ಲದವನ ಕೋಪ ಬರಿಯ ಕೋಪ. ಜಾಗೃತನ ಕೋಪ ದೈವದ ಹೆಸರನ್ನು ತೊಟ್ಟು ಬರುತ್ತದೆ. ಲೆಕ್ಕ ಕೇಳಿದ ಹಿರಿಯನಿಗೆ, ನೀನು ಪವಿತ್ರಾತ್ಮನನ್ನೇ ಎದುರಿಸುತ್ತಿರುವೆ ಎಂದು ಉತ್ತರಿಸುವ ಸಭಾಪಾಲಕನಲ್ಲಿ ಈ ಉರಿಗಣ್ಣು ಇಂದಿಗೂ ತೆರೆಯುತ್ತದೆ.

ಮನಶ್ಶಾಸ್ತ್ರವೂ ಈ ಭೇದವನ್ನು ಗುರುತಿಸಿದೆ. ತನ್ನ 'ಸ್ಟೇಜಸ್ ಆಫ್ ಫೇತ್' (1981) ಕೃತಿಯಲ್ಲಿ ಜೇಮ್ಸ್ ಫೌಲರ್, ನಂಬಿಕೆಯ ತಿರುಳು ಬದಲಾಗುವುದು ಬೇರೆ, ನಂಬುವ ಬಗೆಯೇ ಮುಂದಿನ ಹಂತಕ್ಕೆ ಬೆಳೆಯುವುದು ಬೇರೆ ಎಂದು ತೋರಿಸಿದನು. ಮನಸ್ಸಿನ ಹಳೆಯ ಗಾಯಗಳನ್ನು ಎದುರಿಸದೆ ಸಾಧನೆಯ ಮರೆಯಲ್ಲಿ ಅಡಗಿಸುವುದನ್ನು ಜಾನ್ ವೆಲ್‌ವುಡ್ 1980ರ ದಶಕದಲ್ಲಿ ಒಂದು ದೋಷವೆಂದು ಹೆಸರಿಸಿದನು. ಫೌಲರ್‌ನ ಹಂತಗಳೂ ಆರು, ಶರಣರ ಸ್ಥಲಗಳೂ ಆರು ಎಂದು ಹೋಲಿಸಿ ಲೇಖನ ಬರೆಯುವ ಆಸೆ ನಮ್ಮಲ್ಲಿ ಕೆಲವರಿಗುಂಟು. ಅಂಕಿಯ ಆ ಹೊಂದಾಣಿಕೆ ನಮ್ಮನ್ನು ದೂರ ಕೊಂಡೊಯ್ಯದು. ಫೌಲರ್ ಅಳೆಯುವುದು ವ್ಯಕ್ತಿಯು ಅರ್ಥವನ್ನು ಕಟ್ಟಿಕೊಳ್ಳುವ ಬಗೆಯನ್ನು. ಷಟ್‌ಸ್ಥಲವು ಹೇಳುವುದು ಭಕ್ತನು ಲಿಂಗದಲ್ಲಿ ಐಕ್ಯನಾಗುವ ದಾರಿಯನ್ನು. ಶೂನ್ಯಸಂಪಾದನೆಯ ವಿಶೇಷವಿರುವುದು ಇನ್ನೊಂದೆಡೆ: ಮಾಗುವಿಕೆ ಅಲ್ಲಿ ಒಬ್ಬನೊಳಗೆ ನಡೆಯುವುದಿಲ್ಲ. ಇನ್ನೊಬ್ಬನು ಬಾಗಿಲಿಗೆ ಬಂದು ಕರೆಯಬೇಕು.

ಆದರೂ ಈ ಪ್ರಸಂಗವನ್ನು ಕಣ್ಣುಮುಚ್ಚಿ ಒಪ್ಪಲಾಗದು. ಸೊನ್ನಲಿಗೆಯ ಶಿವಯೋಗಿಯನ್ನು ಇಷ್ಟಲಿಂಗ ಪರಂಪರೆಯೊಳಗೆ ತರುವ ಉದ್ದೇಶ ಸಂಕಲನಕಾರರಿಗಿತ್ತು. ಸಿದ್ಧರಾಮನ ಕುಂದನ್ನು ಎತ್ತಿ ತೋರಿಸುವುದರಲ್ಲಿ ಆ ಉದ್ದೇಶವೂ ಸೇರಿದೆ. ಇದಕ್ಕಿಂತ ಗುರುತರವಾದದ್ದು ಆ ಬೈಗುಳದ ಮಾತು. ಗುರುವನ್ನು ಎಚ್ಚರಿಸಲು ಅಲ್ಲಮನು ಬಳಸಿದ್ದು ಕಲ್ಲು ಮಣ್ಣಿನ ಕೆಲಸದವರ ಕುಲದ ಹೆಸರನ್ನು. ನಾಯಕನು ಕಲಿತ ಪಾಠಕ್ಕೆ ಬೆಲೆ ತೆತ್ತವರು ಮಣ್ಣು ಹೊತ್ತವರು. ಇಂದು ಭೋವಿ ವಡ್ಡರ ಸಮುದಾಯವು ಅದೇ ಸಿದ್ಧರಾಮನನ್ನು ಕುಲಗುರುವೆಂದು ಗೌರವಿಸುತ್ತದೆ. ಬೈಗುಳವಾಗಿ ಎಸೆದ ಹೆಸರು ಅಲ್ಲಿ ಅಭಿಮಾನದ ಹೆಸರಾಗಿದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿಗಳಲ್ಲಿ ಕಲ್ಲು ಒಡೆಯುವವನು ಈ ಪ್ರಸಂಗವನ್ನು ಕೇಳಿದರೆ ಮೊದಲು ಅವನ ಕಿವಿಗೆ ಬೀಳುವುದು ಅಲ್ಲಮನ ಜ್ಞಾನವಲ್ಲ. ನಾಯಕನ ತಿದ್ದುಪಡಿಯು ಬಡವನ ಅವಮಾನದ ಮೂಲಕ ನಡೆಯಬಾರದೆಂಬ ಪಾಠವನ್ನು ನಾವು ಕೃತಿಗೆ ಎದುರಾಗಿಯೇ ಓದಬೇಕಾಗಿದೆ.

ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ನಮ್ಮದೇ ಸೊನ್ನಲಿಗೆಯಿದೆ. ಪೇತ್ರನು ಪಂಚಾಶತ್ತಮ ದಿನವನ್ನು ಕಂಡವನು. ಯೊಪ್ಪದ ಮಾಳಿಗೆಯ ಮೇಲೆ ದರ್ಶನ ಪಡೆದು ಕೊರ್ನೇಲ್ಯನ ಮನೆಯೊಳಗೆ ಕಾಲಿಟ್ಟವನು. ಅಂಥವನು ಅಂತಿಯೋಕ್ಯದಲ್ಲಿ, ಯಾಕೋಬನ ಕಡೆಯವರು ಬಂದೊಡನೆ ಹೆದರಿ, ಅನ್ಯಜನರ ಪಂಕ್ತಿಯಿಂದ ಎದ್ದುಹೋದನು. ಸಿದ್ಧರಾಮನನ್ನು ಸಿಟ್ಟು ಆಳಿತು, ಪೇತ್ರನನ್ನು ಭಯ ಆಳಿತು. ಪೌಲನು ಎಲ್ಲರೆದುರಿಗೇ ಆಕ್ಷೇಪಿಸಿದನು. ಆದರೆ ಇಲ್ಲೊಂದು ವ್ಯತ್ಯಾಸವಿದೆ: ಪೌಲನ ಆಕ್ಷೇಪಣೆ ಪಂಕ್ತಿಯಿಂದ ಹೊರಗುಳಿದವರ ಮಾನವನ್ನು ಕಾಯಲು ಹೊರಟದ್ದು. ಪೇತ್ರನು ಏನು ಉತ್ತರಿಸಿದನೆಂದು ಪತ್ರಿಕೆ ಹೇಳುವುದಿಲ್ಲ. ಆದರೆ ಅವನ ಹೆಸರಿನಲ್ಲಿರುವ ಎರಡನೆಯ ಪತ್ರಿಕೆಯು ಪೌಲನನ್ನು ಪ್ರಿಯ ಸಹೋದರನೆಂದು ಕರೆಯುತ್ತದೆ. ಸಭೆಯು ಆ ಜಗಳವನ್ನೂ ಈ ಪ್ರೀತಿಯನ್ನೂ ಒಂದೇ ಒಡಂಬಡಿಕೆಯೊಳಗೆ ಉಳಿಸಿಕೊಂಡಿತು.

ಸಿದ್ಧರಾಮನ ಕಥೆಯೂ ಉರಿಯಲ್ಲಿ ಮುಗಿಯುವುದಿಲ್ಲ. ಅವನು ತಾನು ಕಟ್ಟಿಸುತ್ತಿದ್ದುದನ್ನು ಬಿಟ್ಟು ಅಲ್ಲಮನೊಡನೆ ಕಲ್ಯಾಣಕ್ಕೆ ನಡೆದು, ಕಿರಿಯನಾದ ಚನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಮುಂದೆ ಶೂನ್ಯಸಿಂಹಾಸನಕ್ಕೆ ಏರುವವನೂ ಅವನೇ. ತಿದ್ದಿಸಿಕೊಳ್ಳಬಲ್ಲವನೆಂದು ತಿಳಿದ ಮೇಲೆ ಪೀಠ ದೊರೆಯಿತು ಎಂದು ಇದನ್ನು ಓದಬಹುದು. ನಾವು ಬಹಳ ಸಲ ಕ್ರಮವನ್ನು ತಿರುಗಿಸುತ್ತೇವೆ: ಸಾಕ್ಷಿಯನ್ನು ಕೇಳಿ ಪೀಠ ಕೊಡುತ್ತೇವೆ, ಆಮೇಲೆ ತಿದ್ದಲು ಹೆದರುತ್ತೇವೆ.

ಆದುದರಿಂದ ಅಭ್ಯರ್ಥಿಗಳ ಸಂದರ್ಶನದಲ್ಲಿ ಕೂರುವ ನಾವು, ಕರ್ತನು ನಿನ್ನನ್ನು ಯಾವಾಗ ಸಂಧಿಸಿದನು ಎಂದು ಕೇಳಿದ ಮೇಲೆ, ಎರಡನೆಯದನ್ನೂ ಕೇಳೋಣ: ನಿನ್ನನ್ನು ಮರ್ಯಾದೆಯಿಲ್ಲದೆ ಕರೆದರೂ ನೀನು ಕಿವಿಗೊಡುವ ಮನುಷ್ಯರು ಯಾರು? ಹೆಸರು ಹೇಳಲಾರದ ಅಭ್ಯರ್ಥಿಯನ್ನು ತಳ್ಳಿಬಿಡಬೇಕಾಗಿಲ್ಲ. ಕಾಯಬೇಕು, ಅಂಥ ಒಡನಾಟವನ್ನು ದೊರಕಿಸಿಕೊಡಬೇಕು. ಅದಕ್ಕೂ ಮೊದಲು ಅದೇ ಪ್ರಶ್ನೆಗೆ ಮೇಜಿನ ಈಚೆ ಕುಳಿತ ನಾವು ಉತ್ತರಿಸಬೇಕು.