ಗಣಕಯಂತ್ರದ ಆರಂಭಪಟ: ಒಂದು ವಿಮರ್ಶೆ

ಗಣಕಯಂತ್ರದ ಗುಂಡಿಯನ್ನು ಒತ್ತಿದಂದಿನಿಂದ ಅದು ಕೆಲಸಕ್ಕೆ ಅಣಿಯಾಗುವವರೆಗಿನ ಅಲ್ಪಾವಕಾಶದಲ್ಲಿ ತೆರೆಯ ಮೇಲೆ ಮೂಡುವ ಚಿತ್ರವನ್ನು ಆರಂಭಪಟವೆಂದು ಕರೆಯಬಹುದು. ಈ ಪಟದಿಂದ ಯಾವ ಗಣನಕಾರ್ಯವೂ ನೆರವೇರುವುದಿಲ್ಲ. ಯಂತ್ರ ತನ್ನ ಸಿದ್ಧತೆಯಲ್ಲಿ ಮಗ್ನವಾಗಿರುವಾಗ ನೋಡುವವನ ಬೇಸರವನ್ನು ನೀಗುವುದೇ ಅದರ ಉದ್ದೇಶ. ಹೀಗಿದ್ದರೂ 1990ರ ದಶಕದಿಂದ ಮೊದಲ್ಗೊಂಡು ಅನೇಕ ಬಳಕೆದಾರರು ತಯಾರಕರು ಕೊಟ್ಟ ಪಟವನ್ನು ತೆಗೆದು ತಮಗೊಪ್ಪಿದ ಪಟವನ್ನು ಅಲ್ಲಿ ನಿಲ್ಲಿಸಲು ಅಪಾರ ಶ್ರಮವನ್ನು ವ್ಯಯಮಾಡಿದರೆಂಬುದು ನಿರ್ವಿವಾದವಾದ ಸಂಗತಿ. ಈ ಶ್ರಮದ ಅರ್ಥವೇನು ಎಂಬುದೇ ಪ್ರಕೃತ ವಿಚಾರ.

ಈ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇದು ಕೇವಲ ಹವ್ಯಾಸಿಗಳ ವಿನೋದ, ಇತಿಹಾಸಕಾರನ ಗಮನಕ್ಕೆ ಯೋಗ್ಯವಾದುದಲ್ಲ ಎಂಬುದು ಒಂದು. ಬಳಕೆದಾರನಿಗೆ ಹಿಂದೆ ತನ್ನ ಯಂತ್ರದ ಮೇಲೆ ಪೂರ್ಣ ಸ್ವಾತಂತ್ರ್ಯವಿತ್ತು, ಅದನ್ನು ದೊಡ್ಡ ಸಂಸ್ಥೆಗಳು ಕ್ರಮಕ್ರಮವಾಗಿ ಕಸಿದುಕೊಂಡವು ಎಂಬುದು ಮತ್ತೊಂದು. ಮೊದಲನೆಯದು ಉಪೇಕ್ಷೆಯಿಂದಲೂ ಎರಡನೆಯದು ಹಳೆಯದರ ಮೇಲಣ ಮೋಹದಿಂದಲೂ ಹುಟ್ಟಿದ್ದು. ಎರಡನ್ನೂ ನಾವು ಒಪ್ಪಲಾರೆವು. ಆದರೆ ಎರಡನೆಯದರಲ್ಲಿ ಸತ್ಯದ ಅಂಶ ಹೆಚ್ಚಾಗಿರುವುದರಿಂದ ಅದನ್ನೇ ವಿವರವಾಗಿ ಪರೀಕ್ಷಿಸುವುದು ಅವಶ್ಯ.

ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ವ್ಯವಸ್ಥೆಯನ್ನೇ ಮುಖ್ಯ ನಿದರ್ಶನವಾಗಿ ತೆಗೆದುಕೊಳ್ಳೋಣ. 1992ರಲ್ಲಿ ಹೊರಬಂದ ವಿಂಡೋಸ್ 3.1ರಲ್ಲಿ ಆರಂಭಪಟವು ಪ್ರತ್ಯೇಕವಾದ ಚಿತ್ರವಾಗಿರಲಿಲ್ಲ. ವ್ಯವಸ್ಥೆಯನ್ನು ಸ್ಥಾಪಿಸುವ ಸಮಯದಲ್ಲಿ ಮೂರು ಕಡತಗಳನ್ನು ಒಂದರ ಬಾಲಕ್ಕೆ ಒಂದನ್ನು ಜೋಡಿಸಿ ವಿನ್.ಕಾಮ್ ಎಂಬ ಒಂದೇ ಕಡತವನ್ನು ನಿರ್ಮಿಸಲಾಗುತ್ತಿತ್ತು. ಮೊದಲನೆಯದು ಪ್ರಾರಂಭಕ ವಿಧಿ, ಎರಡನೆಯದು ತೆರೆಯನ್ನು ಚಿತ್ರಕ್ಕೆ ಸಿದ್ಧಗೊಳಿಸುವ ಕಿರುವಿಧಿ, ಮೂರನೆಯದು ಸಂಕ್ಷೇಪಿಸಿದ ಚಿತ್ರ. ಈ ಮೂರನೆಯದರ ಸ್ಥಾನದಲ್ಲಿ ತನ್ನದನ್ನಿಟ್ಟು ಮತ್ತೆ ಜೋಡಿಸಿದವನಿಗೆ ಹೊಸ ಪಟ ಲಭಿಸುತ್ತಿತ್ತು. ಆದರೆ ಆ ಜಾತಿಯ ಕಡತದ ಒಟ್ಟು ಗಾತ್ರ 64 ಕಿಲೋಬೈಟುಗಳನ್ನು ಮೀರುವಂತಿರಲಿಲ್ಲ. ಮೀರಿದರೆ ವಿಂಡೋಸ್ ಪ್ರಾರಂಭವಾಗುತ್ತಲೇ ಇರಲಿಲ್ಲ. ಚಿತ್ರವೂ ವಿಧಿಯೂ ಒಂದೇ ದೇಹದಲ್ಲಿ ಬೆಸೆದುಕೊಂಡಿದ್ದುದರಿಂದ ಚಿತ್ರದ ದೋಷ ವಿಧಿಗೂ ತಗಲುತ್ತಿತ್ತು.

1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರಲ್ಲಿ ಈ ಏರ್ಪಾಡು ಬದಲಾಯಿತು. ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ಮಹತ್ವದ ಘಟ್ಟ ಇದೇ. ಇಲ್ಲಿ ಮೂಲಪಟವು ಐಓ.ಸಿಸ್ ಎಂಬ ವ್ಯವಸ್ಥಾಕಡತದೊಳಗೆ ಅಡಗಿರುತ್ತದೆ. ಆದರೆ ತಟ್ಟೆಯ ಮೂಲಸ್ಥಾನದಲ್ಲಿ ಲೋಗೋ.ಸಿಸ್ ಎಂಬ ಹೆಸರಿನ ಕಡತ ದೊರೆತರೆ ಯಂತ್ರವು ಒಳಗಿನದನ್ನು ಬಿಟ್ಟು ಅದನ್ನೇ ತೋರಿಸುತ್ತದೆ. ಹೆಸರು ವ್ಯವಸ್ಥಾಕಡತದಂತೆ ಗಂಭೀರವಾಗಿದ್ದರೂ ಒಳಗಿರುವುದು 256 ವರ್ಣಗಳ ಸಾಮಾನ್ಯ ಬಿಟ್‌ಮ್ಯಾಪ್ ಚಿತ್ರ. ಅಗಲ 320 ಬಿಂದು, ಎತ್ತರ 400 ಬಿಂದು, ಒಟ್ಟು ಗಾತ್ರ 1,29,078 ಬೈಟುಗಳು. ಯಂತ್ರವನ್ನು ಮುಚ್ಚುವಾಗ ಕಾಣುವ ಎರಡು ಪಟಗಳೂ ಲೋಗೋಡಬ್ಲ್ಯು.ಸಿಸ್, ಲೋಗೋಎಸ್.ಸಿಸ್ ಎಂಬ ಹೆಸರುಗಳಿಂದ ವಿಂಡೋಸಿನ ಕೋಶದಲ್ಲಿ ಇದ್ದವು. ಅವೂ ಇದೇ ಜಾತಿಯವು. ಪಟವೇ ಬೇಡವೆನ್ನುವವನು ಎಂಎಸ್‌ಡಾಸ್.ಸಿಸ್ ಎಂಬ ಕಡತದಲ್ಲಿ ಒಂದು ಸಾಲನ್ನು ಬರೆದರೆ ಸಾಕಾಗಿತ್ತು.

ಈ ಏರ್ಪಾಡಿನ ಗುಣ ಎಲ್ಲಿದೆಯೆಂಬುದನ್ನು ಮೋಹವಶರಾದ ವಿಮರ್ಶಕರು ಸರಿಯಾಗಿ ಗುರುತಿಸಿಲ್ಲವೆಂದು ತೋರುತ್ತದೆ. ಬದಲಿಸಲು ಸಾಧ್ಯವಾಗಿತ್ತೆಂಬುದಷ್ಟೇ ಅದರ ಗುಣವಲ್ಲ. ಬದಲಿಸಿದುದು ಕೆಟ್ಟರೂ ಹಾನಿಯಿರಲಿಲ್ಲವೆಂಬುದು ಮುಖ್ಯ. ಬಳಕೆದಾರನ ಕಡತವನ್ನು ಅಳಿಸಿದೊಡನೆ ಒಳಗಿನ ಮೂಲಪಟ ತಾನಾಗಿ ಮರಳುತ್ತಿತ್ತು. ಮನೆಯ ಗೋಡೆಗೆ ತೂಗುಹಾಕಿದ ಚಿತ್ರಕ್ಕೂ ಗೋಡೆಯನ್ನೇ ಕೊರೆದು ಮಾಡಿದ ಶಿಲ್ಪಕ್ಕೂ ಇರುವ ವ್ಯತ್ಯಾಸ ಇದು. ಒಡೆಯನ ಸ್ಥಾನ ಅಲುಗದಂತೆ ಒಕ್ಕಲಿಗೆ ಒಂದಿಷ್ಟು ಜಾಗವನ್ನು ಬಿಟ್ಟುಕೊಟ್ಟ ವ್ಯವಸ್ಥೆಯೆಂದರೂ ಸಲ್ಲುತ್ತದೆ. ಅದನ್ನು ಪೂರ್ಣ ಸ್ವಾತಂತ್ರ್ಯವೆನ್ನುವುದು ಅತ್ಯುಕ್ತಿ.

ಆ ಜಾಗವೂ ನಿಯಮಬದ್ಧವಾಗಿತ್ತು. 320ಕ್ಕೆ 400ರ ಚಿತ್ರವನ್ನು ಯಂತ್ರವು ನಾಲ್ಕಕ್ಕೆ ಮೂರರ ಪ್ರಮಾಣದ ತೆರೆಯ ಉದ್ದಗಲಕ್ಕೂ ಹಿಗ್ಗಿಸುತ್ತಿತ್ತಾದ್ದರಿಂದ ಪ್ರತಿ ಬಿಂದುವೂ ತನ್ನ ಎತ್ತರಕ್ಕಿಂತ ಸುಮಾರು ಒಂದೂ ಮುಕ್ಕಾಲು ಪಟ್ಟಿನಷ್ಟು, ಕರಾರುವಾಕ್ಕಾಗಿ ಹೇಳುವುದಾದರೆ ಐದಕ್ಕೆ ಮೂರರಷ್ಟು, ಅಗಲವಾಗುತ್ತಿತ್ತು. ತಿಳಿದವರು ಮೊದಲು ಅಗಲವಾಗಿ ಬರೆದು ಅನಂತರ ಅಡ್ಡಕ್ಕೆ ಕುಗ್ಗಿಸಿ ಉಳಿಸುತ್ತಿದ್ದರು. ಪಟದ ಕೆಳಗಡೆ ಹರಿಯುವ ಬಣ್ಣದ ಪಟ್ಟಿಯಾದರೋ ನಿಜವಾದ ಚಲನಚಿತ್ರವಲ್ಲ. ವರ್ಣಪಟ್ಟಿಯ ಕೆಲವು ವರ್ಣಗಳನ್ನು ಚಕ್ರದಂತೆ ಸರಿಸುತ್ತ ಹೋಗುವುದರಿಂದ ಚಿತ್ರ ಕದಲದೆ ಇದ್ದರೂ ಬಣ್ಣ ಓಡಿದಂತೆ ಕಾಣುತ್ತಿತ್ತು. ಯಂತ್ರ ಬೇರೆ ಕೆಲಸದಲ್ಲಿ ತೊಡಗಿರುವಾಗ ಇಷ್ಟು ಅಲ್ಪ ವೆಚ್ಚದಲ್ಲಿ ಚಲನೆಯ ಭ್ರಮೆಯನ್ನು ಸಾಧಿಸಿದ ಆ ಯುಕ್ತಿಯನ್ನು ಮೆಚ್ಚಲೇಬೇಕು. ಈ ಮರ್ಮವನ್ನರಿಯದೆ ಸಾಧಾರಣ ಚಿತ್ರತಂತ್ರಾಂಶದಲ್ಲಿ ತಿದ್ದಿದವರ ಪಟದಲ್ಲಿ ಓಟ ನಿಂತುಹೋಗುತ್ತಿತ್ತು, ಇಲ್ಲವೆ ಓಡಬಾರದ ಕಡೆ ಬಣ್ಣ ಓಡುತ್ತಿತ್ತು.

ಈ ಸಂದರ್ಭದಲ್ಲಿ ಸ್ವಂತ ನೆನಪೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ಈ ಲೇಖಕನು ಬಾಲ್ಯದಲ್ಲಿ ಟೈಪಿಂಗ್ ಕಲಿಯಲು ಹೋಗುತ್ತಿದ್ದ ಕೇಂದ್ರವೊಂದರಲ್ಲಿ ವಿಂಡೋಸ್ 98ರ ಹಳೆಯ ಯಂತ್ರವಿತ್ತು. ಅದನ್ನು ತೆರೆದೊಡನೆ ಹಳದಿಯ ಮೇಲೆ ಕೆಂಪಿನಲ್ಲಿ ‘ಶ್ರೀ’ ಎಂಬ ಕನ್ನಡದ ಅಕ್ಷರ ಕಾಣುತ್ತಿತ್ತು. ಆದರೆ ಅದು ಯಾರೋ ಎರಡೂ ಕಡೆಯಿಂದ ಎಳೆದಂತೆ ಅಡ್ಡಡ್ಡಲಾಗಿ ಹಿಗ್ಗಿತ್ತು. ಬರೆದವರು ಮೇಲೆ ಹೇಳಿದ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೆಂಬುದು ಈಗ ಹೊಳೆಯುತ್ತದೆ. ಗಮನಿಸಬೇಕಾದ ಅಂಶವೆಂದರೆ, ಆ ವ್ಯವಸ್ಥೆಗೆ ಕನ್ನಡ ಲಿಪಿಯ ಜ್ಞಾನವೇ ಇರಲಿಲ್ಲ. ತುಂಗಾ ಎಂಬ ಅಕ್ಷರರೂಪದೊಡನೆ ವಿಂಡೋಸಿನಲ್ಲಿ ಕನ್ನಡ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಅದಕ್ಕೆ ಮುಂಚೆ ಬರಹದಂತಹ ಪ್ರತ್ಯೇಕ ತಂತ್ರಾಂಶಗಳ ನೆರವಿಲ್ಲದೆ ಕನ್ನಡದಲ್ಲಿ ಬೆರಳಚ್ಚು ಮಾಡುವಂತಿರಲಿಲ್ಲ. ಆದರೆ ಆರಂಭಪಟವು ಚಿತ್ರವಾದುದರಿಂದ ಲಿಪಿಯ ನಿರ್ಬಂಧ ಅದಕ್ಕೆ ತಗಲುತ್ತಿರಲಿಲ್ಲ. ಯಂತ್ರಕ್ಕೆ ಓದಲು ಬಾರದ ಅಕ್ಷರವನ್ನು ಯಂತ್ರದ ಹಣೆಯ ಮೇಲೆಯೇ ಬರೆಯಬಹುದಾಗಿತ್ತು. ಇದನ್ನು ವಿನೋದವೆಂದು ತಳ್ಳಿಹಾಕುವವರು ಆ ಅಕ್ಷರವನ್ನು ದಿನವೂ ನೋಡುತ್ತಿದ್ದ ಹುಡುಗರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಜಾಗ ಮುಚ್ಚಿತು. ಪಟವು ವ್ಯವಸ್ಥೆಯ ತಿರುಳೆನಿಸಿದ ಕರ್ನೆಲ್ ಕಡತದೊಳಗೆ, 640ಕ್ಕೆ 480ರ ಅಳತೆಯಲ್ಲಿ, ಕೇವಲ 16 ವರ್ಣಗಳಲ್ಲಿ ಸೇರಿತು. ಜನರು ಸುಮ್ಮನಾಗಲಿಲ್ಲ. ಕರ್ನೆಲ್ಲಿನ ಪ್ರತಿಯೊಂದನ್ನು ತೆಗೆದು, ಅದರೊಳಗಿನ ಚಿತ್ರವನ್ನು ಬದಲಿಸಿ, ಆ ಪ್ರತಿಯಿಂದಲೇ ಯಂತ್ರವನ್ನು ಪ್ರಾರಂಭಿಸುವಂತೆ ಬೂಟ್.ಐಎನ್‌ಐ ಕಡತದಲ್ಲಿ ನಿರ್ದೇಶಿಸುವ ಮಾರ್ಗವನ್ನು ಕಂಡುಹಿಡಿದರು. ಒಂದು ಚಿತ್ರಕ್ಕಾಗಿ ವ್ಯವಸ್ಥೆಯ ಹೃದಯವನ್ನೇ ಶಸ್ತ್ರಕ್ಕೆ ಒಡ್ಡುವ ಈ ಕಾರ್ಯದಲ್ಲಿ ಸಾಹಸವಿದೆ, ವಿವೇಕವಿದೆಯೆಂದು ಹೇಳಲಾಗದು. ಸಂಸ್ಥೆಯಿಂದ ಕರ್ನೆಲ್ಲಿನ ಪರಿಷ್ಕೃತ ರೂಪ ಬಂದಾಗ ಬದಲಿಸಿದ ಪ್ರತಿ ಹಳೆಯದಾಗಿಯೇ ಉಳಿದು, ದೋಷನಿವಾರಣೆಯ ಪ್ರಯೋಜನ ಅದಕ್ಕೆ ದೊರೆಯುತ್ತಿರಲಿಲ್ಲ. ಸ್ಟಾರ್‌ಡಾಕ್ ಸಂಸ್ಥೆಯ ಬೂಟ್‌ಸ್ಕಿನ್ ಎಂಬ ತಂತ್ರಾಂಶ ಕರ್ನೆಲ್ಲನ್ನು ಮುಟ್ಟದೆ, ಪ್ರಾರಂಭಕಾಲದಲ್ಲಿ ಓಡುವ ಚಾಲಕವಿಧಿಯೊಂದರ ಮೂಲಕ ಇದೇ ಫಲವನ್ನು ಸಾಧಿಸಿದ್ದು ಹೆಚ್ಚು ಸಮಂಜಸವಾದ ಮಾರ್ಗ. ಮುಂದೆ 64 ಬಿಟ್ಟಿನ ವಿಂಡೋಸಿನಲ್ಲಿ ಕರ್ನೆಲ್ಲಿಗೆ ಕಾವಲು ಬಿಗಿಯಾಗಿ ಈ ಅಧ್ಯಾಯ ಬಹುಮಟ್ಟಿಗೆ ಮುಗಿಯಿತು.

ಮೆಕಿಂತಾಷ್ ಯಂತ್ರದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹಳೆಯ ವ್ಯವಸ್ಥೆಯಲ್ಲಿ ‘ಸ್ಟಾರ್ಟಪ್‌ಸ್ಕ್ರೀನ್’ ಎಂಬ ಹೆಸರಿನ ಚಿತ್ರವನ್ನು ವ್ಯವಸ್ಥೆಯ ಕೋಶದಲ್ಲಿರಿಸಿದರೆ ಅದೇ ಪಟವಾಗುತ್ತಿತ್ತು. 1984ರಿಂದ ಬಳಕೆದಾರರನ್ನು ಎದುರುಗೊಳ್ಳುತ್ತಿದ್ದ ಸೂಸನ್ ಕೇರ್ ಅವರ ನಗುಮೊಗದ ಯಂತ್ರಚಿತ್ರವನ್ನು 2002ರಲ್ಲಿ ತೆಗೆದು ಆ ಸ್ಥಾನದಲ್ಲಿ ಸಂಸ್ಥೆಯ ಬೂದುಬಣ್ಣದ ಸೇಬನ್ನು ನಿಲ್ಲಿಸಿದರು. ನಗುವ ಮುಖ ಯಂತ್ರದ್ದಾಗಿತ್ತು, ಸೇಬು ಸಂಸ್ಥೆಯದು.

2012ರ ವಿಂಡೋಸ್ 8ರಿಂದ ಈಚೆಗೆ ನಡೆದ ಬದಲಾವಣೆ ಇವೆಲ್ಲಕ್ಕಿಂತ ಕುತೂಹಲಕರವಾದುದು. ಯುಇಎಫ್ಐ ಎಂಬ ಹೊಸ ಫರ್ಮ್‌ವೇರ್ ಪದ್ಧತಿಯುಳ್ಳ ಯಂತ್ರಗಳಲ್ಲಿ ತಯಾರಕನು ತನ್ನ ಲಾಂಛನವನ್ನು ಬಿಜಿಆರ್‌ಟಿ ಎಂಬ ಕೋಷ್ಟಕದ ಮೂಲಕ ಒಪ್ಪಿಸುತ್ತಾನೆ. ವಿಂಡೋಸ್ ಆ ಲಾಂಛನವನ್ನು ಹಾಗೆಯೇ ಉಳಿಸಿಕೊಂಡು ಅದರ ಕೆಳಗೆ ತಿರುಗುವ ಚುಕ್ಕೆಗಳನ್ನು ಮಾತ್ರ ಸೇರಿಸುತ್ತದೆ. ಬಳಕೆದಾರನಿಂದ ವ್ಯವಸ್ಥೆಯ ಕರ್ತನಿಗೂ ಅವನಿಂದ ಯಂತ್ರದ ತಯಾರಕನಿಗೂ ಪಟದ ಹಕ್ಕು ಹೀಗೆ ವರ್ಗವಾಯಿತು. ಮುಕ್ತ ತಂತ್ರಾಂಶವಾದ ಲಿನಕ್ಸಿನಲ್ಲಿ ಸ್ಥಿತಿ ಬೇರೆಯಾಗಿರಬೇಕೆಂದು ಯಾರಾದರೂ ಊಹಿಸಬಹುದು. ಅಲ್ಲಿ ಬದಲಿಸುವ ಹಕ್ಕು ಪರವಾನಗಿಯಿಂದಲೇ ಸಿದ್ಧವಾದುದು. 2008ರ ಫೆಡೋರಾ 10ರೊಡನೆ ಬಂದ ಪ್ಲಿಮತ್ ಎಂಬ ತಂತ್ರಾಂಶದಲ್ಲಿ ಪಟವೆಂಬುದು ಕೆಲವು ಚಿತ್ರಗಳೂ ಒಂದು ಬರಹದ ಕಡತವೂ ಇರುವ ಕೋಶ ಮಾತ್ರ. ಹೀಗಿದ್ದೂ 2019ರ ಫೆಡೋರಾ 30ರಲ್ಲಿ ತಯಾರಕನ ಲಾಂಛನವನ್ನೇ ನಡುವೆ ಉಳಿಸಿ ತನ್ನ ಗುರುತನ್ನು ಕೆಳಗಿಡುವ ವಿನ್ಯಾಸವನ್ನು ಅಂಗೀಕರಿಸಲಾಯಿತು. ಪಟದಿಂದ ಪಟಕ್ಕೆ ಹಾಯುವಾಗ ತೆರೆ ಮಿನುಗಬಾರದೆಂಬುದು ಅದಕ್ಕೆ ಕಾರಣ. ಯಾರೂ ಕಸಿಯದೆ, ಕೇವಲ ನೋಟದ ಅಂದಕ್ಕಾಗಿ ನಡುವಣ ಸ್ಥಾನವನ್ನು ಬಿಟ್ಟುಕೊಟ್ಟ ಈ ಪ್ರಸಂಗವನ್ನು ‘ಕಸಿದುಕೊಂಡರು’ ಎಂಬ ವಾದದವರು ಹೇಗೆ ವಿವರಿಸುತ್ತಾರೋ ತಿಳಿಯದು.

ಇನ್ನು ಮುಚ್ಚಿದ ಬಾಗಿಲಿಗೆ ಕಾರಣವಿತ್ತೇ ಎಂಬ ಪ್ರಶ್ನೆ. ತಾಮ್ರಶಾಸನದ ಬಳೆಗೆ ಒತ್ತಿದ ರಾಜಮುದ್ರೆಯನ್ನು ನೋಡಿದವರಿಗೆ ಲಾಂಛನಕ್ಕೆ ಎರಡು ಕಾರ್ಯಗಳಿವೆಯೆಂಬುದು ಗೊತ್ತು. ಅದು ವಂಶದ ಗುರುತು. ಶಾಸನ ಅಕೃತ್ರಿಮವೆಂಬುದಕ್ಕೆ ಪ್ರಮಾಣವೂ ಹೌದು. ಆಧುನಿಕ ಗಣಕಯಂತ್ರದಲ್ಲಿ ಈ ಎರಡು ಕಾರ್ಯಗಳು ಬೇರ್ಪಟ್ಟಿವೆ. ಪ್ರಮಾಣವೆಂಬುದು ಕಣ್ಣಿಗೆ ಕಾಣದ ಗೂಢಲಿಪಿಯ ಸಹಿ. ಪ್ರಾರಂಭದ ವಿಧಿಗಳು ಅಧಿಕೃತವೇ ಎಂಬುದನ್ನು ಯಂತ್ರ ಆ ಸಹಿಯಿಂದ ಪರೀಕ್ಷಿಸುತ್ತದೆ. ಕಣ್ಣಿಗೆ ಕಾಣುವ ಲಾಂಛನ ಕೇವಲ ಅಲಂಕಾರ. ಅಲಂಕಾರವೆಂದು ಭಾವಿಸಿದ್ದರಿಂದಲೇ ಅದನ್ನು ಯಾರೂ ಅಷ್ಟಾಗಿ ಪರೀಕ್ಷಿಸಿರಲಿಲ್ಲ. 2023ರ ಡಿಸೆಂಬರಿನಲ್ಲಿ ಬೈನಾರ್ಲಿ ಸಂಸ್ಥೆಯ ಸಂಶೋಧಕರು ‘ಲೋಗೋಫೇಲ್’ ಎಂಬ ಹೆಸರಿನಿಂದ ಪ್ರಕಟಿಸಿದ ದೋಷಸಮೂಹ ಇದನ್ನು ಬಯಲಿಗೆಳೆಯಿತು. ಅಮೆರಿಕನ್ ಮೆಗಾಟ್ರೆಂಡ್ಸ್, ಇನ್‌ಸೈಡ್, ಫೀನಿಕ್ಸ್ ಎಂಬ ಮೂರು ಪ್ರಮುಖ ಫರ್ಮ್‌ವೇರ್ ತಯಾರಕರ ಚಿತ್ರವಾಚಕ ವಿಧಿಗಳಲ್ಲಿ ದೋಷಗಳು ಕಂಡುಬಂದವು. ಗ್ರಾಹಕರು ತಮ್ಮ ಲಾಂಛನವನ್ನು ಹಾಕಿಕೊಳ್ಳಲಿ ಎಂದು ಕೆಲವು ಯಂತ್ರಗಳಲ್ಲಿ ಅನುಕೂಲವನ್ನು ಕಲ್ಪಿಸಲಾಗಿತ್ತು. ಬೇಕೆಂದೇ ವಿಕಾರಗೊಳಿಸಿದ ಚಿತ್ರವನ್ನು ಅಲ್ಲಿರಿಸಿದರೆ, ಅದನ್ನು ಓದುವ ಯತ್ನದಲ್ಲಿಯೇ ಯಂತ್ರವು ಶತ್ರುವಿನ ವಿಧಿಯನ್ನು ನಡೆಸಿಬಿಡುತ್ತಿತ್ತು. ಇದು ವ್ಯವಸ್ಥೆ ಎಚ್ಚರಗೊಳ್ಳುವುದಕ್ಕೂ ಮೊದಲು, ಸಹಿಯ ಕಾವಲನ್ನು ಹಿಂದೆ ಹಾಕಿ ನಡೆಯುವ ಕೃತ್ಯ. ಚಿತ್ರದ ದೋಷ ವಿಧಿಗೆ ತಗಲಿದ ಈ ಪ್ರಸಂಗ 1992ರ ವಿನ್.ಕಾಮ್ ಕಡತದ ನೆನಪನ್ನು ತರುತ್ತದೆ.

ಇದರಿಂದ ‘ಬಳಕೆದಾರನಿಗೆ ಪಟದ ಹಕ್ಕನ್ನು ಕೊಟ್ಟದ್ದೇ ತಪ್ಪು’ ಎಂದು ವಾದಿಸುವವರೂ ಇದ್ದಾರೆ. ಆ ತೀರ್ಮಾನ ಸಾಧುವಲ್ಲ. ದೋಷವಿದ್ದದ್ದು ಚಿತ್ರವನ್ನು ಓದುವ ವಿಧಿಯಲ್ಲಿ, ಚಿತ್ರವನ್ನು ಆರಿಸುವ ಹಕ್ಕಿನಲ್ಲಲ್ಲ. ವಾಚಕವನ್ನು ನಿರ್ದುಷ್ಟವಾಗಿ ರಚಿಸಿ, ಚಿತ್ರವನ್ನು ಒಂದೇ ಅಳತೆಗೆ, ಒಂದೇ ಸರಳ ರೂಪಕ್ಕೆ ಕಟ್ಟಿಹಾಕಿದ್ದರೆ ಅಪಾಯ ಬಹುಪಾಲು ತಗ್ಗುತ್ತಿತ್ತು. ವಿಂಡೋಸ್ 95ರ ಬಡತನದ ಏರ್ಪಾಡು ಒಂದು ಅಳತೆ, ಒಂದು ರೂಪ ಎಂಬುದಕ್ಕೆ ಅಂಟಿಕೊಂಡಿತ್ತು. ಲೋಗೋಫೇಲಿಗೆ ತುತ್ತಾದ ವಿಧಿಗಳು ಹಲವು ಬಗೆಯ ಚಿತ್ರರೂಪಗಳನ್ನು ಓದಲು ಹೊರಟಿದ್ದವು.

ಕಡೆಯದಾಗಿ ಆಧಾರಸಾಮಗ್ರಿಯ ವಿಚಾರ. ನಮ್ಮ ವಿಭಾಗದವರಿಗೆ ಇದೇ ಮುಖ್ಯವಾಗಬೇಕು. ಸಂಸ್ಥೆಯ ಮೂಲಪಟ ಪ್ರತಿಯೊಂದು ಸ್ಥಾಪನಾ ತಟ್ಟೆಯಲ್ಲೂ ಇರುವುದರಿಂದ ಅದು ನಾಶವಾಗುವ ಭಯವಿಲ್ಲ. ಬಳಕೆದಾರರು ಬರೆದ ಪಟಗಳಾದರೋ ಒಂದೊಂದು ಯಂತ್ರದಲ್ಲಿ ಒಂದೊಂದೇ ಇದ್ದು, ತಟ್ಟೆಯನ್ನು ಶುದ್ಧಿಗೊಳಿಸಿದ ದಿನ ಅಳಿದುಹೋದವು. ಉಳಿದವುಗಳೆಲ್ಲಕ್ಕೂ ಲೋಗೋ.ಸಿಸ್ ಎಂಬ ಒಂದೇ ಹೆಸರು. ಬಿಟ್‌ಮ್ಯಾಪ್ ರೂಪದಲ್ಲಿ ಕರ್ತೃವಿನ ಹೆಸರಿಗಾಗಲಿ ಕಾಲಕ್ಕಾಗಲಿ ಸ್ಥಾನವಿಲ್ಲ. ಕಡತವನ್ನು ಕೊನೆಯ ಸಲ ತಿದ್ದಿದ ದಿನಾಂಕವೊಂದೇ ಕಾಲನಿರ್ಣಯಕ್ಕೆ ಆಧಾರ. ಯಂತ್ರದ ಗಡಿಯಾರ ಸರಿಯಿಲ್ಲದಿದ್ದರೆ ಅದೂ ನಂಬತಕ್ಕದ್ದಲ್ಲ. ಇಂತಹ ಪಟವನ್ನು ಇಂದಿನ ಚಿತ್ರದರ್ಶಕದಲ್ಲಿ ತೆರೆದರೆ ಹಿಗ್ಗುವಿಕೆಯ ಲೆಕ್ಕ ತಪ್ಪಿ, ಬರೆದವನು ವೃತ್ತವಾಗಿ ಕಾಣಲೆಂದು ಬರೆದದ್ದು ನೀಳವಾದ ಮೊಟ್ಟೆಯಂತೆ ಕಾಣುತ್ತದೆ. ಅದನ್ನೇ ಮುದ್ರಿಸಿದರೆ ಅಪಪಾಠವಾಗುತ್ತದೆ. ವರ್ಣಗಳ ಓಟವಂತೂ ಸ್ಥಿರಮುದ್ರಣದಲ್ಲಿ ಕಾಣುವುದೇ ಇಲ್ಲ. ಆದುದರಿಂದ ಕಡತವನ್ನು ಬಿಡಿಯಾಗಿ ಎತ್ತಿಡದೆ ಇಡೀ ತಟ್ಟೆಯ ಪ್ರತಿಯನ್ನೇ ತೆಗೆದು, ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ ನಡೆಯಿಸಿ, ನಾಲ್ಕಕ್ಕೆ ಮೂರರ ಪ್ರಮಾಣದಲ್ಲಿ ನೋಡಿ ದಾಖಲಿಸಬೇಕು. ನಮ್ಮ ಜಿಲ್ಲೆಗಳ ಕಾಲೇಜುಗಳ ಉಗ್ರಾಣಗಳಲ್ಲಿ ಆ ಕಾಲದ ಯಂತ್ರಗಳು ಇನ್ನೂ ಕೆಲವು ಬಿದ್ದಿರಬಹುದು. ಹರಾಜಿಗೆ ಹೋಗುವ ಮುನ್ನ ಅವುಗಳ ತಟ್ಟೆಗಳನ್ನು ಒಮ್ಮೆ ತೆರೆದು ನೋಡುವ ಏರ್ಪಾಡಾಗಬೇಕು.